ಕಚ್ಚಾ ತೈಲ ಏರಿದರೆ ಕಬ್ಬಿನ ಗಾಡಿಗೆ ಎಷ್ಟು ಹೊರೆ? ಮಂಡ್ಯದ ಗುಂಪಿನಲ್ಲಿ ಒಂದು ಪ್ರಶ್ನೋತ್ತರ

ಪ್ರಶ್ನೆ (ಟ್ರ್ಯಾಕ್ಟರ್ ಮಾಲೀಕ, ಮದ್ದೂರು ತಾಲ್ಲೂಕು): ಮೇಡಂ, ನಮಸ್ಕಾರ. ಹೊರದೇಶದಲ್ಲಿ ತೈಲ ತುಟ್ಟಿಯಾಗುತ್ತಿದೆ ಎಂಬ ಸುದ್ದಿ ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ನಾನು ಕಬ್ಬು ಸಾಗಿಸುವವನು. ಊರಿನಿಂದ ಕಾರ್ಖಾನೆಗೆ 18 ಕಿಲೋಮೀಟರ್. ಎರಡು ಟ್ರೈಲರ್ ಕಟ್ಟಿ 12 ಟನ್ ಹೇರಿದರೆ ಹೋಗಿ ಬರಲು 14 ಲೀಟರ್ ಡೀಸೆಲ್ ಬೇಕು. ಸಾಗಾಣಿಕೆ ದರವನ್ನು ಹಂಗಾಮಿನ ಆರಂಭದಲ್ಲಿ ಒಮ್ಮೆ ಗೊತ್ತು ಮಾಡಿದರೆ ಮುಗಿಯಿತು, ನಡುವೆ ಡೀಸೆಲ್ ಏರಿದರೂ ಕೇಳುವವರಿಲ್ಲ. ಏರಿಕೆಯನ್ನು ಮೊದಲೇ ಲೆಕ್ಕ ಹಾಕುವ ದಾರಿ ಇದೆಯೇ? ಡೀಸೆಲ್‌ಗೆ ಸರ್ಕಾರದ ಸಬ್ಸಿಡಿ ಈಗಲೂ ಇದೆಯೇ?

ಉತ್ತರ (ತೆರಿಗೆ ಸಲಹೆಗಾರ್ತಿ, ಮಂಡ್ಯ): ದಾರಿ ಇದೆ ಅಣ್ಣ, ಪೆನ್ನು ಹಿಡಿದು ಕುಳಿತರೆ ಸಾಕು. ಒಂದು ಬ್ಯಾರೆಲ್ ಎಂದರೆ 159 ಲೀಟರ್. ಡಾಲರ್‌ಗೆ 85 ರೂಪಾಯಿ ಎಂದು ಹಿಡಿಯೋಣ, ನೀವು ಆ ದಿನದ ದರ ಹಾಕಿಕೊಳ್ಳಿ. ಬ್ಯಾರೆಲ್‌ಗೆ 10 ಡಾಲರ್ ಏರಿದರೆ 850 ರೂಪಾಯಿ. ಅದನ್ನು 159ರಿಂದ ಭಾಗಿಸಿದರೆ ಲೀಟರಿಗೆ 5 ರೂಪಾಯಿ 35 ಪೈಸೆ. ಇದರ ಮೇಲೆ ರಾಜ್ಯದ ಮಾರಾಟ ತೆರಿಗೆ ಕೂಡಿಕೊಳ್ಳುತ್ತದೆ. 2025ರ ಏಪ್ರಿಲ್ 1ರಂದು ಕರ್ನಾಟಕ ಡೀಸೆಲ್ ಮೇಲಿನ ಈ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಆ ದರದಲ್ಲಿ ಇನ್ನೂ 1 ರೂಪಾಯಿ 13 ಪೈಸೆ. ಅಲ್ಲಿಗೆ ಲೀಟರಿಗೆ ಸುಮಾರು ಆರೂವರೆ ರೂಪಾಯಿ. ನಿಮ್ಮ 14 ಲೀಟರಿಗೆ 91 ರೂಪಾಯಿ, ಅಂದರೆ ಟನ್‌ಗೆ ಏಳೂವರೆ. ದಿನಕ್ಕೊಂದು ಟ್ರಿಪ್‌ನಂತೆ ನೂರು ದಿನ ಓಡಿಸಿದರೆ 9,100 ರೂಪಾಯಿ ನಿಮ್ಮ ಜೇಬಿನಿಂದ ಹೋಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿಯಾಗಿರುತ್ತದೆ, ತೈಲ ಏರಿದರೂ ಅದು ತಾನಾಗಿ ಏರುವುದಿಲ್ಲ. ರಾಜ್ಯದ ತೆರಿಗೆ ಶೇಕಡಾವಾರು. ಹೀಗಾಗಿ ತೈಲ ತುಟ್ಟಿಯಾದಷ್ಟೂ, ಯಾವ ಆದೇಶವೂ ಇಲ್ಲದೆ, ರಾಜ್ಯದ ವರಮಾನ ಹೆಚ್ಚುತ್ತದೆ. ಆ ಹೆಚ್ಚುವರಿ ಹಣವನ್ನಾದರೂ ಬಿಟ್ಟುಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಕೊಡಲಾಗದ ಮಾತೂ ಅದಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರವು ಪೆಟ್ರೋಲ್ ಮೇಲೆ 5, ಡೀಸೆಲ್ ಮೇಲೆ 10 ರೂಪಾಯಿ ಸುಂಕ ಇಳಿಸಿದಾಗ ಕರ್ನಾಟಕವೂ ತನ್ನ ಪಾಲಿನಿಂದ 7 ರೂಪಾಯಿ ಇಳಿಸಿತ್ತು.

ಸಬ್ಸಿಡಿಯ ಮಾತು. ಪೆಟ್ರೋಲ್ ದರದ ಮೇಲಿನ ಸರ್ಕಾರದ ಹಿಡಿತ 2010ರ ಜೂನ್‌ನಲ್ಲಿ ಹೋಯಿತು. ಡೀಸೆಲ್‌ಗೆ 2013ರ ಜನವರಿಯಿಂದ ತಿಂಗಳಿಗೆ 50 ಪೈಸೆಯಷ್ಟು ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಅದರ ಮೇಲಿನ ಹಿಡಿತವನ್ನೂ ಬಿಟ್ಟರು. ಅಂದಿನಿಂದ ಬಂಕ್‌ನಲ್ಲಿ ನೀವು ತುಂಬಿಸುವ ಡೀಸೆಲ್‌ಗೆ ಸಬ್ಸಿಡಿ ಇಲ್ಲ.

ಪ್ರಶ್ನೆ (ಗೂಡ್ಸ್ ಗಾಡಿ ಮಾಲೀಕ, ಮೈಸೂರು ಬಂಡಿಪಾಳ್ಯ): ಹಾಗಾದರೆ ದರ ಮಾರುಕಟ್ಟೆಗೆ ತಕ್ಕಂತೆ ದಿನವೂ ಬದಲಾಗಬೇಕಲ್ಲ ಮೇಡಂ? ನಾನು ಎಪಿಎಂಸಿಯಿಂದ ತರಕಾರಿ ಹೊತ್ತೊಯ್ಯುತ್ತೇನೆ. ತಿಂಗಳುಗಟ್ಟಲೆ ಒಂದೇ ದರ ಕೊಟ್ಟದ್ದು ನೆನಪಿದೆ.

ಉತ್ತರ: ನಿಮ್ಮ ನೆನಪು ಸರಿಯಾಗಿದೆ. 2017ರ ಜೂನ್ 16ರಿಂದ ದೇಶದಾದ್ಯಂತ ದಿನನಿತ್ಯ ದರ ಪರಿಷ್ಕರಣೆ ಜಾರಿಯಲ್ಲಿದೆ. ಆದರೂ 2021ರ ನವೆಂಬರ್‌ನಿಂದ 2022ರ ಮಾರ್ಚ್ 21ರವರೆಗೆ ಸರ್ಕಾರಿ ತೈಲ ಕಂಪನಿಗಳು ದರವನ್ನು ಅಲುಗಾಡಿಸಲಿಲ್ಲ. ನಡುವೆ ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಚುನಾವಣೆ ನಡೆಯಿತು, ಉಕ್ರೇನ್ ಯುದ್ಧ ಶುರುವಾಗಿ ತೈಲ 100 ಡಾಲರ್ ದಾಟಿತು. ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ ಬಂಕ್ ದರ ಲೀಟರಿಗೆ ಹತ್ತು ರೂಪಾಯಿ ಏರಿತು. ಬಾಡಿಗೆ ಮಾತಾಡಿ ಮುಂಗಡ ಪಡೆದಿದ್ದವರ ಪಾಡು ಆ ಹದಿನೈದು ದಿನಗಳಲ್ಲಿ ಏನಾಗಿರಬೇಕು ಯೋಚಿಸಿ. ದಿನಕ್ಕೆ ಹತ್ತಿಪ್ಪತ್ತು ಪೈಸೆ ಏರಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು.

ಆ ಬಳಿಕ ಕಂಪನಿಗಳು ದರವನ್ನು ಮತ್ತೆ ಹಿಡಿದಿಟ್ಟವು. 2022ರಲ್ಲಿ ನಷ್ಟ ಅನುಭವಿಸಿದ್ದು ನಿಜ. ತೈಲ ಇಳಿದ ಮೇಲೆ ದರ ಇಳಿಸದೆ 2023-24ರಲ್ಲಿ ಮೂರೂ ಸರ್ಕಾರಿ ಕಂಪನಿಗಳು ಸೇರಿ ಸುಮಾರು 81 ಸಾವಿರ ಕೋಟಿ ಲಾಭ ಮಾಡಿದ್ದೂ ನಿಜ. ನಮಗೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ ಎರಡು ರೂಪಾಯಿ ಇಳಿಕೆ. ಸರ್ಕಾರವೂ ಹೀಗೆಯೇ ನಡೆದುಕೊಂಡಿದೆ. 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ, ತೈಲ ಅಗ್ಗವಾಗುತ್ತಿದ್ದಾಗ, ಒಂಬತ್ತು ಸಲ ಸುಂಕ ಏರಿಸಲಾಯಿತು. 2020ರ ಮೇನಲ್ಲಿ ಕೊರೊನಾದಿಂದ ತೈಲ ನೆಲ ಕಚ್ಚಿದಾಗ ಡೀಸೆಲ್ ಮೇಲೆ ಒಂದೇ ರಾತ್ರಿಯಲ್ಲಿ 13 ರೂಪಾಯಿ ಹಾಕಿದರು. ಏರುವಾಗ ನಿಮ್ಮನ್ನು ಕಾಪಾಡಿದೆವು ಎನ್ನುವವರು ಇಳಿದಾಗ ಏನು ಮಾಡಿದೆವೆಂಬುದನ್ನೂ ಹೇಳಬೇಕು.

ನನ್ನ ಮೇಜಿನ ಮೇಲೆ ಈಗ ಒಬ್ಬ ಲಾರಿ ಮಾಲೀಕರ ಮೂರು ತಿಂಗಳ ಬಂಕ್ ಬಿಲ್ಲುಗಳಿವೆ, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ಮೇಲಿನವು ಓದಲು ಬರುತ್ತವೆ, ತಳದಲ್ಲಿರುವವು ಶಾಯಿ ಮಾಸಿ ಬರಿಯ ಬಿಳಿ ಚೀಟಿಗಳಾಗಿವೆ. ಓದಲು ಬರುವುದರಲ್ಲೂ ಲೀಟರ್, ದರ, ಮೊತ್ತ ಇಷ್ಟೇ. ಬೇಕರಿಯ ಬಿಲ್ಲಿನಲ್ಲಿ ಜಿಎಸ್‌ಟಿ ಎಷ್ಟೆಂದು ಬೇರೆ ಬರೆದಿರುತ್ತದೆ, ಇದರಲ್ಲಿ ತೆರಿಗೆಯ ಸಾಲೇ ಇಲ್ಲ. 2025ರ ಏಪ್ರಿಲ್‌ನ ಲೆಕ್ಕವನ್ನು ನಾನೇ ಬಿಡಿಸಿ ನೋಡಿದ್ದೇನೆ: 91 ರೂಪಾಯಿಯ ಡೀಸೆಲ್‌ನಲ್ಲಿ ಕೇಂದ್ರಕ್ಕೆ 17 ರೂಪಾಯಿ 80 ಪೈಸೆ, ರಾಜ್ಯಕ್ಕೆ ಹೆಚ್ಚುಕಡಿಮೆ 15 ರೂಪಾಯಿ. ಬಿಲ್ಲು ಸಿಕ್ಕಿದ ದಿನವೇ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ.

ಪ್ರಶ್ನೆ (ಗೃಹಿಣಿ, ಮೈಸೂರು): ಅಕ್ಕ, ಸಿಲಿಂಡರ್ ಸಬ್ಸಿಡಿ ನನ್ನ ಖಾತೆಗೆ ಬರುತ್ತಿಲ್ಲ. ಏಜೆನ್ಸಿಯವರ ತಪ್ಪೇ?

ಉತ್ತರ: ತಪ್ಪು ಅವರದಲ್ಲ ತಂಗಿ. ಸಾಮಾನ್ಯ ಗ್ರಾಹಕರಿಗೆ 2020ರ ಮಧ್ಯದಿಂದಲೇ ಸಬ್ಸಿಡಿ ನಿಂತಿದೆ. ಉಜ್ವಲಾ ಸಂಪರ್ಕವಿದ್ದವರಿಗೆ ಮಾತ್ರ ಸಿಲಿಂಡರ್‌ಗೆ 300 ರೂಪಾಯಿ ಖಾತೆಗೆ ಜಮೆಯಾಗುತ್ತದೆ, ಅದೂ ವರ್ಷಕ್ಕೆ ಇಷ್ಟೇ ಎಂಬ ಮಿತಿಯೊಂದಿಗೆ. ನಿಮ್ಮದು ಯಾವ ಸಂಪರ್ಕ ಎಂದು ಗ್ಯಾಸ್ ಪಾಸ್‌ಬುಕ್‌ನಲ್ಲಿ ನೋಡಿ.

ಪ್ರಶ್ನೆ (ಕಬ್ಬು ಬೆಳೆಗಾರ, ಪಾಂಡವಪುರ): ನಮ್ಮ ಕಬ್ಬಿನ ಎಥೆನಾಲ್ ಪೆಟ್ರೋಲ್‌ಗೆ ಶೇ 20ರಷ್ಟು ಬೆರೆಯುತ್ತಿದೆ ಎನ್ನುತ್ತಾರೆ. ಆದರೂ ಪೆಟ್ರೋಲ್ ಏಕೆ ಅಗ್ಗವಾಗಲಿಲ್ಲ?

ಉತ್ತರ: ಎಥೆನಾಲ್ ಅಗ್ಗದ ವಸ್ತುವಲ್ಲ, ಅದಕ್ಕೇ. 2024-25ಕ್ಕೆ ಸರ್ಕಾರ ನಿಗದಿ ಮಾಡಿದ ದರ ನೋಡಿ: ಕಬ್ಬಿನ ರಸದಿಂದ ತೆಗೆದದ್ದಕ್ಕೆ ಲೀಟರಿಗೆ 65.61 ರೂಪಾಯಿ, ಬಿ ಕಾಕಂಬಿಯದಕ್ಕೆ (ಸಕ್ಕರೆ ಅಂಶ ಇನ್ನೂ ಉಳಿದಿರುವ ಕಾಕಂಬಿ) 60.73, ಸಿ ಕಾಕಂಬಿಯದಕ್ಕೆ (ಸಕ್ಕರೆ ತೆಗೆದ ಮೇಲೆ ಕೊನೆಗೆ ಉಳಿಯುವುದು) 57.97. ತೆರಿಗೆಗೆ ಮೊದಲಿನ ಪೆಟ್ರೋಲ್‌ಗಿಂತ ಇದು ಕಡಿಮೆಯೇನಲ್ಲ. ತೈಲ ಬಹಳ ಏರಿದಾಗ ಮಾತ್ರ ಎಥೆನಾಲ್ ಅಗ್ಗವೆನಿಸುತ್ತದೆ. ಆಮದು ತಗ್ಗುತ್ತದೆ, ಡಾಲರ್ ಉಳಿಯುತ್ತದೆ, ಅದು ದೇಶಕ್ಕೆ ಲಾಭವೇ. ನಿಮ್ಮ ಟನ್ ಕಬ್ಬಿಗೆ ಆ ಲಾಭದಲ್ಲಿ ಪಾಲು ಎಷ್ಟು ಬಂತು ಎಂದು ಕಾರ್ಖಾನೆಯ ಆಡಳಿತವನ್ನು ಕೇಳಿ. ಕಬ್ಬು ಬೆಳೆದವರು ಕೇಳಲೇಬೇಕಾದ ಪ್ರಶ್ನೆ ಅದು.

ಮರುಪ್ರಶ್ನೆ (ಟ್ರ್ಯಾಕ್ಟರ್ ಮಾಲೀಕ, ಮದ್ದೂರು): ಕರಾವಳಿಯ ಮೀನುಗಾರರಿಗೆ ಕರರಹಿತ ಡೀಸೆಲ್ ಇದೆಯಲ್ಲ ಮೇಡಂ. ನಮಗೆ ಏನೂ ಇಲ್ಲವೇ?

ಉತ್ತರ: 2022-23ರ ರಾಜ್ಯ ಬಜೆಟ್‌ನಲ್ಲಿ ರೈತ ಶಕ್ತಿ ಎಂಬ ಯೋಜನೆ ಬಂತು. ಎಕರೆಗೆ 250 ರೂಪಾಯಿಯಂತೆ ಗರಿಷ್ಠ ಐದು ಎಕರೆಗೆ ಡೀಸೆಲ್ ಸಹಾಯಧನ. ಉದ್ದೇಶ ಒಳ್ಳೆಯದು. ಎಲ್ಲರಿಗೂ ಡೀಸೆಲ್ ಅಗ್ಗ ಮಾಡಿದರೆ ದೊಡ್ಡ ಕಾರಿನವರಿಗೂ ಅದೇ ಲಾಭ, ಉಳುವವನ ಖಾತೆಗೆ ನೇರವಾಗಿ ಹಾಕುವುದೇ ಸರಿ ಎಂದು ನಾನೂ ನಂಬುತ್ತೇನೆ. ಆದರೆ 91 ರೂಪಾಯಿ ದರದಲ್ಲಿ 250ಕ್ಕೆ ಮೂರು ಲೀಟರ್ ಕೂಡ ಬರುವುದಿಲ್ಲ. ಅದು ಭೂಮಿ ಇದ್ದವರ ಖಾತೆಗೆಂದು ಘೋಷಿಸಿದ್ದ ಹಣ, ಬಾಡಿಗೆಗೆ ಗಾಡಿ ಓಡಿಸುವ ನಿಮಗಲ್ಲ.

ಆದ್ದರಿಂದ ನಿಮಗೆ ಉಳಿದಿರುವ ದಾರಿ ಒಪ್ಪಂದ. ಸಾಗಾಣಿಕೆ ಒಪ್ಪಂದಕ್ಕೆ ಸಹಿ ಹಾಕುವ ದಿನದ ಡೀಸೆಲ್ ದರವನ್ನು ಅದರಲ್ಲೇ ಬರೆಸಿ. ಆ ದರಕ್ಕಿಂತ ಒಂದು ರೂಪಾಯಿ ಏರಿದರೆ ಟನ್‌ಗೆ ಇಷ್ಟು ಪೈಸೆ ಕೂಡಬೇಕು, ಇಳಿದರೆ ಅಷ್ಟೇ ಕಳೆಯಬೇಕು ಎಂದು ಒಂದು ಸಾಲು ಸೇರಿಸಿ. ನಿಮ್ಮ ದೂರಕ್ಕೆ ಅದು 14 ಭಾಗಿಸು 12, ಅಂದರೆ ಟನ್‌ಗೆ 1 ರೂಪಾಯಿ 17 ಪೈಸೆ. ಇಳಿದಾಗ ಕಳೆಯಲು ನೀವು ಒಪ್ಪಿದರೆ ಏರಿದಾಗ ಕೂಡಲು ಅವರು ಒಪ್ಪುವ ಸಾಧ್ಯತೆ ಹೆಚ್ಚು. ಒಬ್ಬರೇ ಹೋಗಬೇಡಿ, ನಿಮ್ಮ ಭಾಗದ ಗಾಡಿಯವರೆಲ್ಲ ಸೇರಿ ಹೋಗಿ. ಆ ಹೆಚ್ಚುವರಿ ಮೊತ್ತ ಬೆಳೆಗಾರನ ಕಬ್ಬಿನ ಬಿಲ್ಲಿನಿಂದ ಕಡಿತವಾಗಬಾರದು ಎಂಬುದನ್ನೂ ಅಂದೇ ಇತ್ಯರ್ಥ ಮಾಡಿಕೊಳ್ಳಿ, ಇಲ್ಲವಾದರೆ ಪಾಂಡವಪುರದ ಅಣ್ಣನವರು ನಾಳೆ ಇದೇ ಗುಂಪಿನಲ್ಲಿ ಬೇರೆ ಪ್ರಶ್ನೆ ಕೇಳಬೇಕಾಗುತ್ತದೆ. ಕಳೆದ ಹಂಗಾಮಿನ ಒಪ್ಪಂದದ ಪ್ರತಿಯಿದ್ದರೆ ಕಳುಹಿಸಿ, ಆ ಸಾಲನ್ನು ನಾನೇ ಬರೆದುಕೊಡುತ್ತೇನೆ.