ಪೆಟ್ರೋಲ್ ಟಾಕಿ ಹತ್ತಿರ ವೆಲ್ಡಿಂಗ್: ಟಾಕಿ ಬಿಚ್ಚಬೇಕೋ, ಹಸಿ ಗೋಣಿ ಸಾಕೋ?

ಪ್ರಶ್ನೆ (ಬೆಟಗೇರಿ)

ಹಳೇ ಮಾರುತಿ 800, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲಿ ಇಂಜೆಕ್ಟರ್ ಇರೋ) ಪೆಟ್ರೋಲ್ ಗಾಡಿ. ಹಿಂದಿನ ಸೀಟಿನ ಕಡೆ ತಳದ ತಗಡು ಜಂಗ ತಿಂದು ಅಂಗೈ ಅಗಲ ತೂತು ಬಿದ್ದದ, ಪಕ್ಕದ ಮೆಂಬರ್‌ಗೂ (ತಳಾ ಹೊರೋ ಪೆಟ್ಟಿಗಿಯಂಥ ತಗಡಿನ ತೊಲಿ) ಜಂಗ ಹತ್ಯದ. ತೂತಿನಿಂದ ಪೆಟ್ರೋಲ್ ಟಾಕಿ ಅಂಚು ಒಂದು ಗೇಣು ದೂರ, ಅಷ್ಟ. ಮಿಸ್ತ್ರಿ "ಟಾಕಿ ಬಿಚ್ಚೂದು ಬ್ಯಾಡ್ರಿ, ಪೆಟ್ರೋಲ್ ಪೂರಾ ಖಾಲಿ ಮಾಡಿ ಹಸಿ ಗೋಣಿಚೀಲ ಹೊದಿಸಿ ಹೊಡದ್ರ ಆತು" ಅಂತಾರ. ಬಿಚ್ಚಿ ಮಾಡಿದ್ರ ಒಂದು ದಿನ ಹೆಚ್ಚಿಗಿ ಹಿಡೀತದ, ಮಜೂರಿನೂ ಜಾಸ್ತಿ. ಕೆಲಸ ಬಲ್ಲವ್ರು ಹೇಳ್ರಿ, ಯಾವುದು ಸರಿ? ಕೆಲಸ ನಡದಾಗ ನಿಂತು ನಾ ಏನೇನು ನೋಡ್ಬೇಕು?

ಟಿಂಕರಿಂಗ್ ಕೆಲಸ, ಗೋಕುಲ ರೋಡ್, ಹುಬ್ಬಳ್ಳಿ

ಟಾಕಿ ಬಿಚ್ಚಿಸ್ರಿ. ಇದರಾಗ ಚೌಕಾಶಿ ಬ್ಯಾಡ. ವೆಲ್ಡಿಂಗ್ ಕಿಡಿ 35 ಅಡಿ ತನಕ ಉರುಳಿಕೊಂಡು ಹೋಗ್ತದ ಅಂತ ಲೆಕ್ಕ ಹಿಡಿದ ಕಾರಖಾನಿಯೊಳಗ ಜಾಗಾ ಖಾಲಿ ಮಾಡಿಸ್ತಾರ. ನಿಮ್ಮ ಅಂತರ ಒಂದು ಗೇಣು!

ಮೊದಲ ಗಾಡಿ ಎಲ್ಲಿ ನಿಲ್ಲಸ್ತಾರ ನೋಡ್ರಿ. ಪಿಟ್ ಮ್ಯಾಲ ಬ್ಯಾಡೇ ಬ್ಯಾಡ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಕು ಪಟ್ಟು ಭಾರ, ಕೆಳಗ ಇಳಿದು ಗುಂಡ್ಯಾಗ ಕೂಡ್ತದ. ಮ್ಯಾಲ ನಿಂತವ್ರಿಗೆ ವಾಸನಿ ಸೈತ ಬರಂಗಿಲ್ಲ. ಗಟ್ಟಿ ನೆಲದ ಮ್ಯಾಲ, ಬಯಲಾಗ ನಿಲ್ಲಿಸಿ, ಮುಂದಿನ ಗಾಲಿಗೆ ಎರಡೂ ಕಡೆ ಅಡ್ಡಗಲ್ಲು ಕೊಟ್ಟು, ಹಿಂದ ಜಾಕ್ ಸ್ಟ್ಯಾಂಡ್ ಇಡಬೇಕು. ಬರೇ ಜಾಕ್ ನಂಬಿ ಕೆಳಗ ಹೋಗೂದು ಬ್ಯಾಡ.

ಆಮ್ಯಾಲ ಪೈಪಿನ ಪ್ರೆಶರ್ ಇಳಿಸೂದು. ಎಂಪಿಎಫ್‌ಐ ಗಾಡಿ ಪೈಪಿನಾಗ ಸುಮಾರು 3 ಬಾರ್ ಪ್ರೆಶರ್ ಇರ್ತದ, ಹಂಗ ಬಿಚ್ಚಿದ್ರ ಮಾರಿಗೆ ಚಿಮ್ತದ. ಪಂಪಿನ ಫ್ಯೂಸ್ ಇಲ್ಲಾ ರಿಲೇ ಕಿತ್ತು ಇಂಜಿನ್ ಚಾಲೂ ಮಾಡ್ರಿ, ತಾನ ಬಂದ್ ಆಗ್ತದ. ಮತ್ತ ಎರಡು ಸಲ ಸೆಲ್ಫ್ ಹೊಡೀರಿ. ಇದಾದ ಮ್ಯಾಲ ಬ್ಯಾಟರಿ ಮೈನಸ್ ವಾಯರ್ ತೆಗೀರಿ. ಈ ಸಾಲು ತಪ್ಪಬಾರದು: ಟಾಕಿ ಬಾಯಿ ತೆಗೆದ ಮ್ಯಾಲ ಬ್ಯಾಟರಿ ಮುಟ್ಟಿದ್ರ ಟರ್ಮಿನಲ್ ಕಿಡಿನ ಸಾಕಾಗ್ತದ.

ಪೆಟ್ರೋಲ್ ತೆಗೀಲಿಕ್ಕೆ ಕೈ ಪಂಪ್ ಬಳಸ್ರಿ. ಬಾಯಿಂದ ಎಳೆಯೂದು, ಪ್ಲಾಸ್ಟಿಕ್ ಬಕೆಟ್‌ನಾಗ ಸುರಿಯೂದು ಎರಡೂ ಬ್ಯಾಡ. ಬಕೆಟ್‌ನಾಗ ಸ್ಥಿರ ವಿದ್ಯುತ್ ಕೂಡ್ತದ, ಬಾಯಿ ತೆರೆದಿರೂದಕ್ಕ ಆವಿನೂ ಹಬ್ಬತದ. ಮುಚ್ಚಳ ಇರೋ ಲೋಹದ ಕ್ಯಾನ್ ಇರಲಿ, ಕ್ಯಾನಿನಿಂದ ಗಾಡಿ ಬಾಡಿಗೆ ಒಂದು ವಾಯರ್ ಕ್ಲಿಪ್ ಹಾಕಿ ಹಿಡೀರಿ. ಬೆಳಕಿಗೆ ಎಲ್‌ಇಡಿ ಬ್ಯಾಟರಿ ಸಾಕು. ಗಾಜಿನ ಬಲ್ಬಿನ ಹ್ಯಾಂಡ್ ಲ್ಯಾಂಪ್ ಕೈ ಜಾರಿ ಬಿದ್ದು ಒಡದ್ರ ಒಳಗಿನ ಕಾದ ತಂತಿ ಬಯಲಾಗ್ತದ.

ಪೆಟ್ರೋಲ್ ಪೈಪ್, ರಿಟರ್ನ್ ಪೈಪ್, ಬ್ರೀದರ್ (ಟಾಕಿಗೆ ಗಾಳಿ ಆಡೋ ಪೈಪ್), ತುಂಬೋ ಬಾಯಿ ಪೈಪ್, ಪಂಪಿನ ಕನೆಕ್ಟರ್ ಇವೆಲ್ಲ ಬಿಚ್ಚಿ, ಟಾಕಿ ಕೆಳಗ ಇನ್ನೊಂದು ಜಾಕ್ ಮ್ಯಾಲ ಅಗಲ ಹಲಗಿ ಇಟ್ಟು, ಟಾಕಿ ಹಿಡಿದಿರೋ ಬೋಲ್ಟ್ ತೆಗೀಬೇಕು. ಕೆಲವು ಗಾಡಿಯೊಳಗ ಪಂಪಿನ ಮುಚ್ಚಳ ಸೀಟಿನ ಕೆಳಗ ಸಿಗ್ತದ. ಇಲ್ಲದಿದ್ರ ಟಾಕಿ ಅರ್ಧ ಇಳಿಸಿದ ಮ್ಯಾಲನ ಕೈ ಹೋಗ್ತದ, ದರದರ ಎಳೀಬ್ಯಾಡ್ರಿ.

ನಮ್ಮ ಕಡೆ ಎರಿ ಮಣ್ಣು ಒಳಗ ಹೊಕ್ಕು ಒಣಗಿ ಬೋಲ್ಟ್ ಕಚ್ಚಿಕೊಂಡಿರ್ತಾವ. ಇಲ್ಲೇ ಗಂಡಾಂತರ ಶುರು. ತಾಳ್ಮಿ ಕೆಟ್ಟು ಗ್ರೈಂಡರ್ ಹಚ್ಚತಾರ, ಇಲ್ಲಾ ಗ್ಯಾಸ್ ಬತ್ತಿಲೇ ಕಾಸ್ತಾರ. ಟಾಕಿ ಇನ್ನೂ ಗಾಡ್ಯಾಗ ಐತಿ, ಬಾಯಿ ತೆರೆದೈತಿ, ಅದರ ಮಗ್ಗಲಾಗ ಗ್ರೈಂಡರ್! ಜಂಗ ಬಿಡಿಸೋ ಎಣ್ಣಿ ಹಿಂದಿನ ದಿನ ರಾತ್ರಿನ ಹೊಡೆದಿಡ್ರಿ. ಬಿಡಲಿಲ್ಲಂದ್ರ ಎಣ್ಣಿ ಹಚ್ಚಿ ಕೈಗರಗಸದಿಂದ ಮೆಲ್ಲಕ ಕೊಯ್ಯೋದು. ಹೊಸ ಬೋಲ್ಟಿಗೆ ಏನು ಭಾಳ ರೊಕ್ಕ ಆಗಂಗಿಲ್ಲ.

ಬಿಚ್ಚಿದ ಟಾಕಿಯ ಎಲ್ಲಾ ಬಾಯಿ ಮುಚ್ಚಿ, ನೆರಳಾಗ, ಕನಿಷ್ಠ 50 ಅಡಿ ದೂರ ಇಡ್ರಿ, ಗಾಳಿ ಹೋಗೋ ದಿಕ್ಕಿಗೆ. ಮಳಿಗಾಲದಾಗ ಗಾಳಿ ಪಶ್ಚಿಮದಿಂದ ಬೀಸ್ತದ, ಹಂಗಾಗಿ ಟಾಕಿ ಗಾಡಿಯ ಪೂರ್ವಕ್ಕಿರಲಿ. ನೆಲಕ್ಕ ಚೆಲ್ಲಿದ ಪೆಟ್ರೋಲ್ ಮ್ಯಾಲ ಉಸುಕು ಹಾಕಿ ಬಳಿದು ಹೊರಗ ಒಯ್ದು ಹಾಕ್ರಿ. ಇಂಜಿನ್ ಕಡೆ ಹೋಗೋ ಪೈಪಿನಾಗ ಇನ್ನೂ ಪೆಟ್ರೋಲ್ ನಿಂತಿರ್ತದ, ಅದರ ತುದಿಗೆ ಬೂಚ್ ಹಾಕೂದು ಮರೀಬ್ಯಾಡ್ರಿ.

ಹಾವೇರಿ, ಗ್ಯಾರೇಜ್

ಪೂರಾ ಒಪ್ಪಂಗಿಲ್ರಿ. ಎಲ್ಲಾ ಕೆಲಸಕ್ಕೂ ಟಾಕಿ ಇಳಿಸಿಕೋತ ಕುಂತ್ರ ಗಿರಾಕಿ ಉಳಿಯಂಗಿಲ್ಲ. ಮುಂದಿನ ಬಾಗಿಲ ಕಂಬ, ಬಂಪರ್ ಬ್ರಾಕೆಟ್ ಇಂಥದ್ದಕ್ಕ ಟಾಕಿ ಇದ್ದಾಗನ ಹೊಡಿಬಹುದು. ಲೀಕ್ ಇರಬಾರದು, ಪೈಪ್ ಆ ಕಡೆ ಹಾದಿರಬಾರದು, ನಡುವ ತಗಡಿನ ಅಡ್ಡ ಇರಬೇಕು. ಈ 800ರ ಕೆಲಸಕ್ಕ ಮಾತ್ರ ಇಳಿಸೂದ ಬರೋಬ್ಬರಿ. ಹಿಂದಿನ ತಳಾ, ಹಿಂದಿನ ಮೆಂಬರ್, ಟಾಕಿ ಕೂಡೋ ಜಾಗಾ ಮೂರಕ್ಕೂ ಇದ ಮಾತು.

ಫ್ಯಾಬ್ರಿಕೇಶನ್, ಲಕಮನಹಳ್ಳಿ, ಧಾರವಾಡ

"ಪೂರಾ ಖಾಲಿ ಮಾಡಿದರೆ ಭಯವಿಲ್ಲ" ಅನ್ನುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟ ತಿಳಿವಳಿಕೆ. ಲೆಕ್ಕ ಹಾಕಿ ನೋಡಿ. 800ರ ಟಾಕಿ 28 ಲೀಟರ್. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲು ಇದ್ದರೆ ಹೊತ್ತಿಕೊಳ್ಳುತ್ತದೆ. 28 ಲೀಟರ್ ಜಾಗದಲ್ಲಿ ಕೆಳಗಿನ ಗಡಿ ಮುಟ್ಟಲು ಸುಮಾರು 2 ಮಿಲಿ ಪೆಟ್ರೋಲ್ ಆವಿಯಾದರೆ ಸಾಕು, ಅಂದರೆ ಅರ್ಧ ಚಹಾ ಚಮಚ. ಮೇಲಿನ ಗಡಿ ದಾಟಲು ಸುಮಾರು 10 ಮಿಲಿ, ಎರಡು ಚಮಚ. ತುಂಬಿದ ಟಾಕಿಯ ಒಳಗೆ ಆವಿ ಎಷ್ಟು ದಟ್ಟವಾಗಿರುತ್ತದೆ ಎಂದರೆ ಉರಿಯಲು ಬೇಕಾದ ಗಾಳಿಯೇ ಸಾಲದು. ಖಾಲಿ ಮಾಡಿ ಬಾಯಿ ತೆರೆದಿಟ್ಟಾಗ ಗಾಳಿ ಒಳಗೆ ಹೋಗುತ್ತದೆ. ಮೂಲೆಯಲ್ಲಿ, ಒಳಗಿನ ಅಡ್ಡಗೋಡೆಯ ಸಂದಿನಲ್ಲಿ, ಪಂಪಿನ ಜಾಳಿಗೆಯಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲ್ ಅದರೊಂದಿಗೆ ಬೆರೆತು ಸಿಡಿಯುವ ಹದಕ್ಕೆ ಬರುತ್ತದೆ. ಹಾಗಂತ ತುಂಬಿದ ಟಾಕಿ ಪಕ್ಕ ವೆಲ್ಡ್ ಮಾಡಬಹುದು ಅಂತಲ್ಲ. ಬ್ರೀದರ್ ಬಾಯಲ್ಲಿ, ಬಿರುಕು ಬಿಟ್ಟ ರಬ್ಬರ್ ಪೈಪಿನ ಹೊರಗೆ ಅದೇ ಹದ ಇದ್ದೇ ಇರುತ್ತದೆ.

ಚಳಿಗಾಲದ ಬೆಳಿಗ್ಗೆ ಆವಿ ಏಳುವುದಿಲ್ಲ ಎಂಬ ಲೆಕ್ಕವೂ ಬೇಡ. ಪೆಟ್ರೋಲ್ ಮೈನಸ್ 40 ಡಿಗ್ರಿಯಲ್ಲೂ ಹೊತ್ತುವಷ್ಟು ಆವಿ ಬಿಡುತ್ತದೆ.

ಹಸಿ ಗೋಣಿಯ ಬಗ್ಗೆ. ಕಿಡಿ ತಡೆಯುವಷ್ಟು ಕೆಲಸ ಅದು ಮಾಡುತ್ತದೆ, ಆವಿಯನ್ನು ತಡೆಯುವುದಿಲ್ಲ. ಕಾದ ತಗಡಿನ ಪಕ್ಕ ಹತ್ತು ನಿಮಿಷದಲ್ಲಿ ಒಣಗಿ ತಾನೇ ಉರಿಯಲು ತಯಾರಾಗುತ್ತದೆ. ಅದರಿಂದ ಸೋರಿದ ನೀರಿನಲ್ಲಿ ಮಲಗಿ ವೆಲ್ಡ್ ಮಾಡುವವನಿಗೆ ಶಾಕ್. ಟಾಕಿಯ ತಗಡಿಗೇ ವೆಲ್ಡಿಂಗಿನ ಬಿಸಿ ತಾಗಿದರಂತೂ ಒಳಗೆ ಕಿಡಿ ಬೀಳಬೇಕಾಗಿಯೇ ಇಲ್ಲ. ಪೆಟ್ರೋಲ್ ಆವಿ ಸುಮಾರು 250-280 ಡಿಗ್ರಿಗೆ ತಾನಾಗಿ ಹೊತ್ತುತ್ತದೆ. ತಗಡಿನ ಹಿಂಬದಿ ಕೆಂಪಾಗುವ ಮೊದಲೇ ಆ ಬಿಸಿ ದಾಟಿರುತ್ತದೆ.

ಡೀಸೆಲ್ ಗಾಡಿಯವರಿಗೂ ಒಂದು ಮಾತು. ತಣ್ಣಗಿರುವ ಡೀಸೆಲ್ ಸುಲಭವಾಗಿ ಹೊತ್ತುವುದಿಲ್ಲ, ನಿಜ. ಆದರೆ ಕಾದ ತಗಡಿಗೆ ತಾಗಿದರೆ ಅದು ಪೆಟ್ರೋಲಿಗಿಂತ ಕಡಿಮೆ ಬಿಸಿಗೇ ತಾನಾಗಿ ಹೊತ್ತುತ್ತದೆ. ಡೀಸೆಲ್ ಟಾಕಿಯನ್ನೂ ಇಳಿಸಿ.

ಮೂಗನ್ನು ನಂಬಬೇಡಿ, ಕಾಲು ತಾಸು ವಾಸನೆ ಕುಡಿದ ಮೂಗಿಗೆ ಏನೂ ತಿಳಿಯುವುದಿಲ್ಲ. ಗ್ಯಾಸ್ ಡಿಟೆಕ್ಟರ್ ಸಿಕ್ಕರೆ ನೆಲದ ಮಟ್ಟದಲ್ಲಿ, ಮೆಂಬರ್‌ನ ಪೆಟ್ಟಿಗೆಯ ತೂತಿನೊಳಗೆ ಹಿಡಿದು ನೋಡಿ. ಸೊನ್ನೆ ತೋರಿಸಿದ ಮೇಲೆ ಶುರು ಮಾಡಿ.

ಬಾಡಿ ಶಾಪ್, ರಾಯಾಪುರ

ಎಲ್ಲಾರೂ ಟಾಕಿ ಕಡೆ ನೋಡಿಕೋತ ನಿಂತಾಗ ಬೆಂಕಿ ಗಾಡಿ ಒಳಗ ಹತ್ತಿರ್ತದ. ತಳದ ತಗಡಿನ ಮ್ಯಾಲ ಒಳಗ ಡಾಂಬರದ ಶೀಟ್ ಅಂಟಿಸಿರ್ತಾರ, ಅದರ ಮ್ಯಾಲ ಕಾರ್ಪೆಟ್, ಸ್ಪಂಜ್. ಕೆಳಗ ವೆಲ್ಡ್ ಹೊಡೆದ್ರ ಮ್ಯಾಲ ಅದು ಕರಗಿ ಹೊಗಿ ಬಿಡ್ತದ, ಕೆಳಗ ಮಲಗಿದವ್ರಿಗೆ ಕಾಣಂಗಿಲ್ಲ. ಹಿಂದಿನ ಸೀಟು, ಕಾರ್ಪೆಟ್, ಸೀಟ್ ಬೆಲ್ಟ್ ಎಲ್ಲಾ ತೆಗೆದು ಡಾಂಬರ ಶೀಟನ್ನ ವೆಲ್ಡ್ ಜಾಗಾದಿಂದ ಸುತ್ತಲೂ ಒಂದು ಅಡಿ ಕೆರೆದು ಹಾಕ್ರಿ. ಹೊರಗಿನ ಅಂಡರ್‌ಕೋಟಿಂಗನೂ ಹಂಗ ಕೆರೀರಿ, ಸುಡಬ್ಯಾಡ್ರಿ. ವಾಯರಿಂಗ್ ಗೊಂಚಲು ಬದಿಗೆ ಕಟ್ಟಿ ಇಡ್ರಿ. ಬ್ರೇಕ್ ಪೈಪ್ ಅಲ್ಲೇ ಹಾದಿದ್ರ ಅದನ್ನೂ ಬಿಚ್ಚಿ ಸರಿಸ್ರಿ.

ನೀವು ನಿಲ್ಲಬೇಕಾದ ಜಾಗಾ ಇದ: ಗಾಡಿ ಒಳಗ ಕಣ್ಣಿಟ್ಟು, ಬಾಗಿಲ ತೆರೆದು, ಕೈಯಾಗ 6 ಕೆ.ಜಿ. ಪೌಡರ್ ಸಿಲಿಂಡರ್ ಹಿಡಿದು. ಗೇಜ್ ಮುಳ್ಳು ಹಸಿರಿನಾಗ ಐತೇನು ನೋಡ್ರಿ. ಗ್ವಾಡಿಗೆ ತೂಗುಹಾಕಿದ್ದು ವರ್ಷಗಟ್ಟಲೆ ಯಾರೂ ನೋಡಿರಂಗಿಲ್ಲ. ಎರಡು ಬಕೆಟ್ ಒಣ ಉಸುಕು ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದ್ರ ಅದು ನೀರಿನ ಮ್ಯಾಲ ತೇಲಿ ಇನ್ನಷ್ಟು ಹರಡ್ತದ. ಕೆಲಸ ಮುಗಿದ ಮ್ಯಾಲನೂ ಒಂದು ತಾಸು ಯಾರರೆ ಅಲ್ಲೇ ಇರಬೇಕು. ಪೆಟ್ಟಿಗಿ ಮೆಂಬರ್ ಒಳಗಿನ ಹಳೇ ಎಣ್ಣಿ, ಕಸ ಮೆಲ್ಲಗ ಹೊಗಿಯಾಡಿ ತಡವಾಗಿ ಹತ್ತತದ. ಊಟಕ್ಕ ಹೋಗೂ ಟೈಮಿಗೆ ಸರಿಯಾಗಿ ವೆಲ್ಡಿಂಗ್ ಮುಗಿಸೂದು ನಮ್ಮ ಗ್ಯಾರೇಜುಗಳ ಕೆಟ್ಟ ಚಾಳಿ.

ಇನ್ನೊಂದು, ತಗಡು ತೊಳೀಲಿಕ್ಕೆ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಬಳಸಬ್ಯಾಡ್ರಿ. ಆರ್ಕ್ ತಾಗಿದ್ರ ಫಾಸ್ಜೀನ್ ಅನ್ನೋ ವಿಷಗ್ಯಾಸ್ ಆಗ್ತದ. ವೈರ್ ಬ್ರಶ್ ಸಾಕು.

ಮಿಗ್ ವೆಲ್ಡರ್, ತಾರಿಹಾಳ

ತಳದ ತಗಡಿಗೆ ಮಿಗ್ (ಗ್ಯಾಸಿನ ಮರಿಯಾಗ ವಾಯರ್ ಕರಗಿಸೋ ವೆಲ್ಡಿಂಗ್) ಬರೋಬ್ಬರಿ: 1 ಎಂ.ಎಂ. ತ್ಯಾಪಿ, 0.8 ಎಂ.ಎಂ. ವಾಯರ್, 45-65 ಆಂಪಿಯರ್. ರಾಡ್ ವೆಲ್ಡಿಂಗ್ ಈ ತಗಡು ತಡೆಯಂಗಿಲ್ಲ, ತೂತಿನ ಮ್ಯಾಲ ತೂತು ಬೀಳ್ತದ, ಕಿಡಿನೂ ಹೆಚ್ಚು. ಗ್ಯಾಸ್ ವೆಲ್ಡಿಂಗ್ ಬಿಸಿ ಭಾಳ ದೂರ ಹಬ್ಬತದ, ಅದನ್ನ ಇಲ್ಲಿ ಬಿಡ್ರಿ. ಜಂಗ ಇರೋ ತಗಡಿನ ಮ್ಯಾಲನ ತ್ಯಾಪಿ ಇಟ್ರ ಎರಡು ಮಳಿಗಾಲಕ್ಕ ಮತ್ತ ಬರ್ತೀರಿ. ಹೊಳೆಯೋ ಕಬ್ಬಿಣ ಕಾಣೋ ತನಕ ಕತ್ತರಿಸಿ, ತ್ಯಾಪಿ ಸುತ್ತಲೂ 15-20 ಎಂ.ಎಂ. ಮ್ಯಾಲ ಬರೂಹಂಗ ಇಡ್ರಿ. 10-15 ಎಂ.ಎಂ. ತುಂಡು ತುಂಡಾಗಿ, ಎದರಾಬದರಾ ಮೂಲಿಗೆ ಜಿಗಿದು ಹೊಡೀರಿ, ಕೈ ಇಡೋವಷ್ಟು ಆರಿದ ಮ್ಯಾಲ ಮುಂದಿನದು.

ಅರ್ತ್ ಕ್ಲಾಂಪ್ ವೆಲ್ಡ್ ಜಾಗಾದಿಂದ ಒಂದು ಅಡಿ ಒಳಗ, ಬರಿ ತಗಡಿಗೆ ಇರಲಿ. ಹಿಂದಿನ ಡ್ರಮ್ಮಿಗೋ ಆಕ್ಸಲ್‌ಗೋ ಹಾಕಿದ್ರ ಕರೆಂಟ್ ಬೇರಿಂಗ್ ಹಾದು ಅದನ್ನ ಸುಟ್ಟು ಬರ್ತದ. ಏರ್‌ಬ್ಯಾಗ್ ಇರೋ ಹೊಸ ಗಾಡಿಯಾದ್ರ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಕೆಲಸ ಶುರು ಮಾಡ್ರಿ.

ಮಳಿಗಾಲದ ಗಾಳಿಗೆ ಮಿಗ್ ಗ್ಯಾಸ್ ಹಾರಿಹೋಗಿ ವೆಲ್ಡಿನಾಗ ಗುಳ್ಳಿ ಬರ್ತಾವ. ಅದಕ್ಕ ಶಟರ್ ಎಳೆದು ಒಳಗ ಹೊಡಿತಾರ. ಟಾಕಿ ಗಾಡ್ಯಾಗ ಇದ್ದಾಗ ಶಟರ್ ಎಳೆದ್ರ ಆವಿ ಒಳಗ ಕೂಡ್ತದ. ಟಾಕಿ ಹೊರಗ ಇದ್ರ ಈ ತಾಪತ್ರಯ ಇಲ್ಲ, ಗಾಳಿ ಬರೋ ಕಡೆ ಒಂದು ತಗಡು ಅಡ್ಡ ನಿಲ್ಲಿಸಿದ್ರ ಆತು.

ಗ್ಯಾಸ್ ಕಿಟ್ ಕೆಲಸ, ಹಳೇ ಹುಬ್ಬಳ್ಳಿ

ಕಿಟ್ ಇರೋ ಗಾಡಿಯವ್ರಿಗೆ: ವಾಲ್ವ್ ಬಂದ್ ಮಾಡಿದ್ರ ಸಾಕಾಗಂಗಿಲ್ಲ, ಸಿಲಿಂಡರ್ ಕಿಟ್ ಕೆಲಸದವ್ರ ಕಡೆಯಿಂದ ಪೂರಾ ಇಳಿಸ್ರಿ. ಸಿಎನ್‌ಜಿ ಸಿಲಿಂಡರ್‌ನಾಗ 200 ಬಾರ್ ಪ್ರೆಶರ್. ಸಿಎನ್‌ಜಿ ಹಗುರ, ಶೆಡ್ಡಿನ ಮಾಳಿಗಿಗೆ ಏರಿ ಕೂಡ್ತದ. ಎಲ್‌ಪಿಜಿ ಭಾರ, ನೆಲಕ್ಕ ಇಳೀತದ. ಸಿಲಿಂಡರ್ ಮ್ಯಾಲ, ಅದರ ಬೆಲ್ಟಿನ ಬ್ರಾಕೆಟ್ ಮ್ಯಾಲ ಒಂದು ಚುಕ್ಕಿ ವೆಲ್ಡ್ ಸೈತ ಕೂಡದು. ಬಿಸಿ ತಾಗಿದ ಸಿಲಿಂಡರ್ ಪರೀಕ್ಷಾ ಆಗದ ಮತ್ತ ಕೂಡಿಸಬ್ಯಾಡ್ರಿ. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗೋ ಹೈಡ್ರೋ ಟೆಸ್ಟ್ (ನೀರಿನ ಪ್ರೆಶರ್ ಪರೀಕ್ಷಾ) ತಾರೀಖು ಹೆಂಗೂ ಪ್ಲೇಟಿನ ಮ್ಯಾಲ ಇರ್ತದ, ಅದನ್ನೂ ಆಗಲೇ ನೋಡ್ರಿ.

ಪ್ರಶ್ನೆ ಕೇಳಿದವರು

ಟಾಕಿ ಇಳಿಸೂದು ಅಂತ ಮಿಸ್ತ್ರಿ ಜೋಡಿ ಮಾತಾತು. ಇಳಿಸಿದಾಗ ಟಾಕಿಯ ಕೆಳಗಿನ ಮೂಲ್ಯಾಗ ಸಣ್ಣ ತೂತು ಕಂಡ್ರ, ಅದನ್ನೂ ಅದ ಟೈಮಿಗೆ ನೀರು ತುಂಬಿ ವೆಲ್ಡ್ ಹೊಡಸ್ಲೇನ್ರಿ?

ಫ್ಯಾಬ್ರಿಕೇಶನ್, ಲಕಮನಹಳ್ಳಿ, ಧಾರವಾಡ

ಬೇಡ. ನೀರು ತುಂಬಿದರೂ ವೆಲ್ಡ್ ಜಾಗದಲ್ಲಿ ಗಾಳಿಯ ಪೊಟ್ಟಣ ಉಳಿಯಲೇಬೇಕು, ನೀರು ತಾಗಿದ ಕಡೆ ವೆಲ್ಡ್ ಕೂಡುವುದಿಲ್ಲ. ಆ ಪೊಟ್ಟಣದಲ್ಲೇ ಆವಿ ಸೇರುತ್ತದೆ. ಗಾಳಿ ಹೊರಹಾಕಲು ಟಾಕಿಯೊಳಗೆ ಇನ್ನೊಂದು ಗಾಡಿಯ ಸೈಲೆನ್ಸರ್ ಹೊಗೆ ಬಿಡುವ ಪದ್ಧತಿಯೂ ಕುರುಡು ನಂಬಿಕೆ. ಆ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಯಾರೂ ಅಳೆದಿರುವುದಿಲ್ಲ. ಹಳೇ ಟಾಕಿಗಳ ಲೇಪನದಲ್ಲಿ ಸೀಸ ಇರಬಹುದು, ಅದರ ಹೊಗೆ ಬೇರೆ. ಒಂದು ತೂತು ಕಂಡ ತಗಡು ಒಳಗಿನಿಂದ ನೂರು ಕಡೆ ತೆಳುವಾಗಿರುತ್ತದೆ. 800ಕ್ಕೆ ಟಾಕಿ ಸಿಗದ ವಸ್ತುವೇನಲ್ಲ, ಬದಲಿಸಿ. ಪ್ಲಾಸ್ಟಿಕ್ ಟಾಕಿ ಇರುವ ಗಾಡಿಯವರೂ ಇಳಿಸಲೇಬೇಕು, ಅದು ಸುಮಾರು 130 ಡಿಗ್ರಿಗೆಲ್ಲ ಕರಗುತ್ತದೆ.

ಟಿಂಕರಿಂಗ್ ಕೆಲಸ, ಗೋಕುಲ ರೋಡ್

ಕೂಡಿಸುವಾಗ: ವೆಲ್ಡ್ ಪೂರಾ ಆರಬೇಕು, ಝಿಂಕ್ ಪ್ರೈಮರ್, ಸೀಲರ್, ಅಂಡರ್‌ಕೋಟಿಂಗ್ ಒಣಗಬೇಕು. ಥಿನ್ನರ್ ಆವಿನೂ ಪೆಟ್ರೋಲ್ ಆವಿಯಷ್ಟ ಕೆಟ್ಟದ್ದು, ಹಂಗಾಗಿ ಬಣ್ಣ ಹಚ್ಚಿದ ಮ್ಯಾಲ "ಇಲ್ಲೊಂದು ಚುಕ್ಕಿ ವೆಲ್ಡ್ ಹೊಡೀಬೇಕಿತ್ತು" ಅಂತ ಮತ್ತ ಮಿಗ್ ಎತ್ತಬ್ಯಾಡ್ರಿ. ರಬ್ಬರ್ ಪೈಪ್, ಕ್ಲಾಂಪ್, ಪಂಪಿನ ರಬ್ಬರ್ ರಿಂಗ್ ಹೊಸದು ಹಾಕ್ರಿ. 5 ಲೀಟರ್ ಹಾಕಿ, ಚಾವಿ ಮೂರು-ನಾಕು ಸಲ ಆನ್ ಮಾಡಿ ಬಂದ್ ಮಾಡಿ, ಪಂಪ್ ಪ್ರೆಶರ್ ಕಟ್ಟಿದ ಮ್ಯಾಲ ಎಲ್ಲಾ ಜೋಡಣಿಗೆ ಬಟ್ಟಿ ಒರಸಿ ನೋಡ್ರಿ. ಪಂಪಿನ ರಿಂಗ್ ಇರೂದು ಟಾಕಿ ಮ್ಯಾಲ, ಅದರ ಲೀಕ್ 5 ಲೀಟರಿಗೆ ಗೊತ್ತಾಗಂಗಿಲ್ಲ. ಮರುದಿನ ಬಂಕಿನಾಗ ಮುಕ್ಕಾಲಿಗಿಂತ ಹೆಚ್ಚು ತುಂಬಿಸಿ, ಒಂದು ಸುತ್ತು ಹೊಡೆದು ಬಂದು, ಹಿಂದಿನ ಸೀಟು ಎತ್ತಿ ವಾಸನಿ ನೋಡ್ರಿ.