ಕಾಕಾ ಬಿಟ್ಟುಹೋದ ಪುಟ್ಟ ಮಾದರಿ ಕಾರುಗಳನ್ನು ಮಾರುವುದು ಹೇಗೆ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ನಮ್ಮ ಕಾಕಾ ಕಳೆದ ವರ್ಷ ತೀರಿಕೊಂಡರು. ಮುಂಬೈಯಲ್ಲಿ ನೌಕರಿಗಿದ್ದ ಕಾಲದಿಂದಲೂ ಅವರು ಅಂಗೈಯಲ್ಲಿ ಹಿಡಿಯುವಂಥ ಲೋಹದ ಮಾದರಿ ಕಾರು, ಬಸ್ಸು, ಲಾರಿಗಳನ್ನು ಕೂಡಿಸುತ್ತ ಬಂದಿದ್ದರು; ನಿವೃತ್ತರಾಗಿ ಕಲಬುರಗಿಗೆ ಮರಳಿದ ಮೇಲೂ ಆ ಹವ್ಯಾಸವನ್ನು ಬಿಟ್ಟಿರಲಿಲ್ಲ. ಈಗ ಮಾಳಿಗೆಯ ಮೇಲಿನ ಪತ್ರಾಸಿನ ಕೋಣೆಯಲ್ಲಿ ಎರಡು ಟ್ರಂಕು ಮತ್ತು ಒಂದು ಗಾಜಿನ ಕಪಾಟಿನ ತುಂಬ ಅವು ಇವೆ. ತಿರುವಿ ನೋಡಿದರೆ ಡಿಂಕಿ, ಕಾರ್ಗಿ, ಮ್ಯಾಚ್‌ಬಾಕ್ಸ್, ನಿಕ್ಕಿ, ಲಿಯೋ ಎಂಬ ಹೆಸರುಗಳು ಕಾಣುತ್ತವೆ. ಜೊತೆಗೆ ಒಂದು ಹಾರ್ನ್‌ಬಿ ಆಟಿಕೆ ರೈಲು, ಅದರ ಹಳಿಗಳು, ಮತ್ತು ಕಾಕಾ ತಮ್ಮ ಕೈಬರಹದಲ್ಲಿ ಖರೀದಿಯ ವಿವರ ಬರೆದಿಟ್ಟ ಒಂದು ನೋಟ್‌ಬುಕ್ ಇದೆ.

ಕಾಕು (ಕಾಕಾ ಅವರ ಹೆಂಡತಿ) ಈ ಮನೆ ಬಿಟ್ಟು ಪುಣೆಯಲ್ಲಿರುವ ಮಗಳ ಬಳಿ ಹೋಗುವವರಿದ್ದು, ಇವನ್ನೆಲ್ಲ ಮಾರಿಕೊಡು ಎಂದು ನನಗೆ ಹೇಳಿದ್ದಾರೆ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಬಂದು ನೋಡಿ ಇಡಿಗಂಟಾಗಿ ಹದಿನೈದು ಸಾವಿರ ರೂಪಾಯಿ ಕೊಡುತ್ತೇನೆ, ಬಣ್ಣ ಹಾರಿದ ಗಾಡಿಗಳಿಗೆ ಹೊಸ ಬಣ್ಣ ಹೊಡೆಸಿಟ್ಟರೆ ಇನ್ನಷ್ಟು ಕೊಡುತ್ತೇನೆ ಎಂದಿದ್ದಾರೆ. ಕಾಕಾ ಅವನ್ನು ಎಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದರೆಂದು ಕಂಡವನಾದ್ದರಿಂದ, ತಿಳಿಯದೆ ಕೊಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ. ಇವುಗಳ ನಿಜವಾದ ಬೆಲೆ ತಿಳಿಯುವುದು ಹೇಗೆ? ಬಣ್ಣ ಹೊಡೆಸಬೇಕೇ? ಮಾರಲು ಯಾವ ಕಾಗದಪತ್ರ ಬೇಕು?

ಉತ್ತರ 1 (ಹೈದರಾಬಾದಿನಲ್ಲಿ ನೆಲೆಸಿರುವ ಬೀದರಿನ ಸಂಗ್ರಾಹಕರು)

ಮೊದಲು ಒಂದು ವಿನಂತಿ: ಬಣ್ಣ ಹೊಡೆಸಬೇಡಿ, ಹರಿದ ರಟ್ಟಿನ ಡಬ್ಬಿಯನ್ನೂ ಎಸೆಯಬೇಡಿ. ಸಂಗ್ರಾಹಕರು ಕಾರ್ಖಾನೆಯಲ್ಲಿ ಬಳಿದ ಮೂಲ ಬಣ್ಣಕ್ಕೆ ಹಣ ಕೊಡುತ್ತಾರೆ. ಅಂಚಿನಲ್ಲಿ ಬಣ್ಣ ಹಾರಿದ್ದರೂ ಅದು ಮೂಲದ್ದೆಂಬುದೇ ಅದರ ಮೌಲ್ಯ. ಮೇಲೆ ಹೊಸ ಬಣ್ಣ ಬಿದ್ದ ಗಾಡಿ ಬಿಡಿಭಾಗದ ಬೆಲೆಗೆ ಇಳಿಯುತ್ತದೆ. ಡಬ್ಬಿಯಂತೂ ಮಕ್ಕಳ ಕೈಯಲ್ಲಿ ಉಳಿಯುವುದೇ ಅಪರೂಪವಾದ್ದರಿಂದ, ಕೆಲವೊಮ್ಮೆ ಗಾಡಿಯಷ್ಟೇ ಬೆಲೆ ಬಾಳುತ್ತದೆ.

ಬೆಲೆಯ ಗುಟ್ಟು ಗಾಡಿಯ ತಳದಲ್ಲಿರುತ್ತದೆ. ಮ್ಯಾಚ್‌ಬಾಕ್ಸ್ ಗಾಡಿಗಳನ್ನು 1953ರಿಂದ ಇಂಗ್ಲೆಂಡಿನ ಲೆಸ್ನಿ ಕಂಪನಿ ತಯಾರಿಸುತ್ತಿತ್ತು. 1968ರಲ್ಲಿ ಅಮೆರಿಕದ ಹಾಟ್ ವೀಲ್ಸ್ ಬಂದು ಜಾರುವ ವೇಗದಿಂದ ಮಾರುಕಟ್ಟೆಯನ್ನು ಗೆದ್ದಾಗ, ಲೆಸ್ನಿಯವರು 1969ರಿಂದ ತೆಳುವಾದ ಅಚ್ಚಿನ (ಎರಡು ಗಾಲಿಗಳನ್ನು ಜೋಡಿಸುವ ಸರಳಿನ), ವೇಗವಾಗಿ ಉರುಳುವ ಗಾಲಿಗಳಿಗೆ ಬದಲಾದರು. ಹೀಗಾಗಿ ದಪ್ಪ ಅಚ್ಚಿನ ಹಳೆಯ ಗಾಲಿಯ ಗಾಡಿಗಳನ್ನು ಬೇರೆಯಾಗಿಯೇ ತೆಗೆದಿಡಿ. 1982ರಲ್ಲಿ ಲೆಸ್ನಿ ದಿವಾಳಿಯಾದ ಮೇಲೆ ತಯಾರಿಕೆ ಏಷ್ಯಾಕ್ಕೆ ಸರಿಯಿತು. ತಳದಲ್ಲಿ ಮಕಾವ್ ಅಥವಾ ಚೀನಾ ಎಂದಿದ್ದರೆ ಸಾಮಾನ್ಯವಾಗಿ ಅದು ಈಚಿನದು, ಬೆಲೆಯೂ ಕಡಿಮೆ.

ಡಿಂಕಿಯದು ಲಿವರ್‌ಪೂಲಿನ ಮೆಕಾನೊ ಕಂಪನಿ. ಅದರ ಬಿನ್ಸ್ ರೋಡ್ ಕಾರ್ಖಾನೆ 1979ರಲ್ಲಿ ಮುಚ್ಚಿತು. ತಮ್ಮ ಬಳಿ ಇರುವ ನಿಕ್ಕಿ ಗಾಡಿಗಳ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. ಡಿಂಕಿಯ ಹಳೆಯ ಅಚ್ಚುಗಳಿಂದ ಕಲ್ಕತ್ತೆಯಲ್ಲಿ ಎರಕ ಹೊಯ್ದ ಗಾಡಿಗಳವು. ಬಣ್ಣದ ಕೆಲಸ ಒರಟಾಗಿರುವುದರಿಂದ ತಿಳಿಯದವರು ನಕಲಿ ಎಂದು ಬದಿಗೆ ಸರಿಸುತ್ತಾರೆ, ಆದರೆ ಹೊರದೇಶದ ಸಂಗ್ರಾಹಕರು ಅವನ್ನೇ ಹುಡುಕುತ್ತಿರುತ್ತಾರೆ. ಲಿಯೋ ಎಂದಿರುವ ಹಾಟ್ ವೀಲ್ಸ್ ಗಾಡಿಗಳೂ ನಮ್ಮ ದೇಶದಲ್ಲೇ ತಯಾರಾದವು. ಅವಕ್ಕೂ ಪ್ರತ್ಯೇಕವಾದ ಗಿರಾಕಿಗಳಿದ್ದಾರೆ.

ಬೆಲೆ ನೋಡುವಾಗ ಮಾರುವವರು ಕೇಳುತ್ತಿರುವ ಮೊತ್ತವನ್ನು ನಂಬಬೇಡಿ. ಈಬೇಯ ವಿದೇಶಿ ತಾಣಗಳಲ್ಲಿ ಮಾರಾಟವಾಗಿ ಮುಗಿದ ವಸ್ತುಗಳನ್ನಷ್ಟೇ ಸೋಸಿ ನೋಡುವ ಅನುಕೂಲವಿದೆ. ತಮ್ಮ ಗಾಡಿಯದೇ ಮಾದರಿ ಸಂಖ್ಯೆ, ಅದೇ ಬಣ್ಣ, ಅದೇ ಸ್ಥಿತಿಯದು ಎಷ್ಟಕ್ಕೆ ಹೋಗಿದೆ ಎಂಬುದೇ ನಿಜವಾದ ಅಳತೆ. ಕಾಕಾ ಅವರ ನೋಟ್‌ಬುಕ್ಕನ್ನು ಪುಟಪುಟವಾಗಿ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲಿ, ಯಾವಾಗ ಕೊಂಡದ್ದೆಂಬ ಬರಹ ಇದ್ದರೆ ಕೊಳ್ಳುವವರ ಅನುಮಾನ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಉತ್ತರ 2 (ಬೀದರ್)

ನಮ್ಮದು ಬಿದರಿ ಕೆಲಸದ ಮನೆತನ. ಮೇಲಿನವರು ಬೆಲೆಯ ವಿಷಯ ಹೇಳಿದ್ದಾರೆ. ನಾನು ಲೋಹದ ವಿಷಯವನ್ನಷ್ಟೇ ಹೇಳುತ್ತೇನೆ. ಬಿದರಿ ಪಾತ್ರೆಯ ಎರಕದಲ್ಲಿ ಹೆಚ್ಚಿನ ಪಾಲು ಸತುವು, ಸ್ವಲ್ಪ ತಾಮ್ರ. ಈ ಗಾಡಿಗಳದೂ ಸತುವಿನದೇ ಮಿಶ್ರಲೋಹ, ತಾಮ್ರದ ಬದಲು ಅಲ್ಯುಮಿನಿಯಂ ಹೆಚ್ಚು. ಎರಡೂ ಸತುವೇ ಎಂದು ನಾವು ಬಿದರಿಗೆ ಮಾಡುವಂತೆ ಎಣ್ಣೆ ಹಚ್ಚಿ ಒರೆಸಲು ಹೋಗಬಾರದು. ಎಣ್ಣೆ ರಬ್ಬರ್ ಗಾಲಿಯನ್ನು ಮೆತ್ತಗಾಗಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಹಿತ್ತಾಳೆ ತಿಕ್ಕುವಂತೆ ಹುಣಸೆಹಣ್ಣು, ನಿಂಬೆರಸ ಮುಟ್ಟಿಸಿದರಂತೂ ಹುಳಿ ಸತುವನ್ನು ತಿಂದುಬಿಡುತ್ತದೆ. ಚಿತ್ರ ಬರೆಯುವ ಮೆತ್ತನೆಯ ಒಣ ಕುಂಚದಿಂದ ಕಿಟಕಿಯ ಸಂದಿ, ಗಾಲಿಯ ಒಳಬದಿ ಝಾಡಿಸಿದರೆ ಸಾಕು.

ಕೆಲವು ಹಳೆಯ ಗಾಡಿಗಳ ಮೈಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿ, ಬಾನೆಟ್ ಉಬ್ಬಿದಂತೆ ಕಂಡರೆ ಅದು ಎರಕದಲ್ಲಿ ಸೀಸ ಬೆರೆತದ್ದರ ಫಲ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಗಾಡಿಗಳಲ್ಲಿ ಇದು ಹೆಚ್ಚು. ಅದಕ್ಕೆ ಮದ್ದಿಲ್ಲ, ಆದರೆ ಒಂದರಿಂದ ಇನ್ನೊಂದಕ್ಕೆ ಹರಡುವ ರೋಗವೂ ಅಲ್ಲ. ಕೊಳ್ಳುವವರಿಗೆ ಮುಂಚೆಯೇ ತೋರಿಸಿಬಿಡಿ. ಇನ್ನೊಂದು ಮಾತು, ದಯವಿಟ್ಟು ಆ ಪತ್ರಾಸಿನ ಕೋಣೆಯಿಂದ ಇವತ್ತೇ ಕೆಳಗಿಳಿಸಿ. ನಮ್ಮ ಭಾಗದ ಮೇ ತಿಂಗಳಲ್ಲಿ ತಗಡಿನ ಕೆಳಗೆ ಪ್ಲಾಸ್ಟಿಕ್ ಕಿಟಕಿಗಳು ಸೊಟ್ಟಗಾಗುತ್ತವೆ, ಡಬ್ಬಿಯ ಅಂಟು ಬಿಡುತ್ತದೆ. ಶಹಾಬಾದ್ ಕಲ್ಲು ಹಾಸಿದ ಕೆಳಗಿನ ಪಡಸಾಲೆಯೇ ಲೇಸು.

ಉತ್ತರ 3 (ಯಾದಗಿರಿ, ವಕೀಲರು)

ಈ ಸಂಗ್ರಹ ತಮ್ಮದಲ್ಲ, ತಾವು ಮಾರಿಕೊಡುವವರು ಮಾತ್ರ ಎಂಬುದನ್ನು ಕಾಗದದಲ್ಲಿ ಸ್ಪಷ್ಟಪಡಿಸಿಕೊಳ್ಳಿ. ಕಾಕಾ ಅವರು ಉಯಿಲು ಬರೆದಿರದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಕ್ಕಳು ಮತ್ತು ತಾಯಿ ಬದುಕಿದ್ದರೆ ತಾಯಿಯೂ ಮೊದಲ ದರ್ಜೆಯ ವಾರಸುದಾರರು. ಅಣ್ಣನ ಮಗನಿಗೆ ಅವರೆದುರು ಹಕ್ಕು ಬರುವುದಿಲ್ಲ. ಆದ್ದರಿಂದ ತಮ್ಮ ಕಾಕು ಮತ್ತು ಅವರ ಮಗಳಿಬ್ಬರಿಂದಲೂ ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡಿಸಿಕೊಂಡು, ವಸ್ತುಗಳ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ, ಹಣ ನೇರವಾಗಿ ಕಾಕು ಅವರ ಖಾತೆಗೇ ಬರುವಂತೆ ಮಾಡಿ. ಮುಂದೆ ಮನೆಯವರ ನಡುವೆ ಮಾತು ಬರುವುದು ಇಂಥಲ್ಲೇ.

ವಾರಸುದಾರಿಕೆಯಿಂದ ಬಂದದ್ದಕ್ಕೆ ತೆರಿಗೆ ಇಲ್ಲ; ಹಿಂದೆ ಇದ್ದ ಎಸ್ಟೇಟ್ ಸುಂಕ 1985ರಲ್ಲೇ ರದ್ದಾಗಿದೆ. ಮಾರಿ ಬಂದ ಲಾಭದ ಮಾತು ಬೇರೆ. ಸ್ವಂತ ಬಳಕೆಯ ಚರವಸ್ತುಗಳಿಗೆ ಆದಾಯ ತೆರಿಗೆ ಕಾನೂನಿನಲ್ಲಿ ವಿನಾಯಿತಿ ಇದ್ದರೂ ಕಲಾಕೃತಿ, ಒಡವೆಗಳಿಗೆ ಅದು ಅನ್ವಯಿಸುವುದಿಲ್ಲ. ಮೊತ್ತ ದೊಡ್ಡದಾದರೆ ಲೆಕ್ಕಪರಿಶೋಧಕರಿಗೆ ಪಟ್ಟಿ ತೋರಿಸಿಯೇ ಮುಂದುವರಿಯಿರಿ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳಿಗೆ ಸಂಬಂಧಿಸಿದ್ದು. ತಾವು ಹೆಸರಿಸಿದ ಗಾಡಿಗಳು ಅದರಡಿ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಟ್ರಂಕುಗಳನ್ನು ಪಡಸಾಲೆಗೆ ಇಳಿಸಿದ್ದೇವೆ, ಪುಣೆಯ ತಂಗಿಯೂ ಸಹಿ ಹಾಕಿ ಕಳಿಸಲು ಒಪ್ಪಿದ್ದಾಳೆ. ಒಂದೇ ಸಂಶಯ ಉಳಿದಿದೆ: ಒಬ್ಬರಿಗೇ ಕೊಡುವುದು ಒಳ್ಳೆಯದೋ, ಬಿಡಿಬಿಡಿಯಾಗಿ ಮಾರುವುದೋ? ರೈಲನ್ನು ಹಳೆಯ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿ ಓಡಿಸಿ ನೋಡಬಹುದೇ?

ಉತ್ತರ 1 (ಅವರಿಂದಲೇ)

ಎಲ್ಲವನ್ನೂ ಬಿಡಿಯಾಗಿ ಮಾರುವುದು ಹೆಚ್ಚು ಹಣ ತಂದರೂ ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಕಾಕು ಅವರಿಗೆ ಅಷ್ಟು ಕಾಲ ಇಲ್ಲ. ನನ್ನ ಅಭಿಪ್ರಾಯದಲ್ಲಿ ಡಬ್ಬಿಯ ಸಮೇತ ಇರುವ ಡಿಂಕಿ, ಕಾರ್ಗಿ ಮತ್ತು ನಿಕ್ಕಿಗಳನ್ನಷ್ಟೇ ಒಂದೊಂದಾಗಿ ಮಾರಿ. ಉಳಿದವನ್ನು ಕಂಪನಿವಾರು ಗುಂಪು ಮಾಡಿ ಕೊಟ್ಟುಬಿಡಿ. ಗಾಲಿ ಮುರಿದವನ್ನೂ ಸೇರಿಸಿ, ದುರಸ್ತಿ ಮಾಡುವವರಿಗೆ ಆ ಬಿಡಿಭಾಗಗಳು ಬೇಕಾಗುತ್ತವೆ. ಪ್ರತಿ ಗಾಡಿಯ ಮೇಲ್ಭಾಗ, ತಳ ಮತ್ತು ಎರಡೂ ಬದಿಯ ಫೋಟೋವನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಹಣ ಕಳಿಸುತ್ತೇನೆಂದು ಯಾರಾದರೂ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಪಿನ್ ಹಾಕಲು ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ, ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ರೈಲಿನ ಹಳೆಯ ಟ್ರಾನ್ಸ್‌ಫಾರ್ಮರನ್ನು ಮನೆಯ ವಿದ್ಯುತ್ತಿಗೆ ಚುಚ್ಚಲೇಬೇಡಿ. ಅಷ್ಟು ವರ್ಷದ ವೈರಿನ ಹೊದಿಕೆ ಮುಟ್ಟಿದರೆ ಉದುರುವಂತಿರುತ್ತದೆ, ಅದರೊಳಗೆ 230 ವೋಲ್ಟ್ ಹರಿಯುತ್ತದೆ. ಹಾರ್ನ್‌ಬಿಯ ಈ ಬಗೆಯ ಎಂಜಿನ್ನುಗಳು ಸಾಮಾನ್ಯವಾಗಿ 12 ವೋಲ್ಟಿನ ಏಕಮುಖ ವಿದ್ಯುತ್ತಿನಲ್ಲಿ (ಡಿಸಿ, ಬ್ಯಾಟರಿಯಿಂದ ಬರುವಂಥದು) ಓಡುವಂಥವು. ಎರಡು ಹಳಿಗಳದ್ದಾದರೆ 9 ವೋಲ್ಟಿನ ಚೌಕ ಬ್ಯಾಟರಿಯ ಎರಡು ತುದಿಗಳಿಂದ ಎರಡು ತಂತಿ ಎಳೆದು ಒಂದೊಂದು ಹಳಿಗೆ ತಾಗಿಸಿ ನೋಡಿ. ಗಾಲಿ ಕದಲಿದರೆ ಆ ಕ್ಷಣವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಕದಲದಿದ್ದರೆ ಬಿಚ್ಚಲು ಹೋಗದೆ, ಪರೀಕ್ಷಿಸಿದಾಗ ಓಡಲಿಲ್ಲ ಎಂದು ಪಟ್ಟಿಯಲ್ಲಿ ಬರೆದು ಹಾಗೆಯೇ ಮಾರಿ. ಪಟ್ಟಿ ಸಿದ್ಧವಾದ ಮೇಲೆ ಇಲ್ಲಿ ಹಾಕಿದರೆ ನಿಕ್ಕಿ ಗಾಡಿಗಳನ್ನು ಗುರುತಿಸಲು ನಾನೇ ಕುಳಿತು ಸಹಾಯ ಮಾಡುತ್ತೇನೆ.