‘ಅಸಲಿ’ ಅಂದ್ರೆ ಯಾವ ಅಸಲಿ? ಯುದ್ಧಕಾಲದ ರೈಫಲ್‌ಗಳಿಗೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಅಂತ ಹೇಳಿದೆ, ಬರೆಯುತ್ತಾ ಹೋದ ಹಾಗೆ ಅದು ಏಳೆಂಟು ಆಗಬಹುದು, ಸ್ವಲ್ಪ ಸಹಿಸಿಕೊಳ್ಳಿ.

ಎರಡನೇ ಮಹಾಯುದ್ಧದ ಕಾಲದ ಸೇನಾ ರೈಫಲ್‌ಗಳನ್ನು ಸಂಗ್ರಹ ಮಾಡುವವರು ಅವನ್ನು ಹೇಗೆ ಪರೀಕ್ಷೆ ಮಾಡುತ್ತಾರೆ, ಹೇಗೆ ಬೆಲೆ ಕಟ್ಟುತ್ತಾರೆ ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಅಸಲಿ’, ‘ನಕಲಿ’ ಅಂತ ಎರಡೇ ಪದ ಇಟ್ಟುಕೊಂಡು ಎಲ್ಲ ಮುಗಿಸಿದ್ದೆ. ಈ ವಿಷಯ ಚೆನ್ನಾಗಿ ಬಲ್ಲ ಗೆಳೆಯರೊಬ್ಬರಿಗೆ ಓದೋಕೆ ಕೊಟ್ಟೆ. ಅವರು ‘ಅಸಲಿ’ ಬಂದ ಕಡೆಯೆಲ್ಲ ಅಡಿಗೆರೆ ಎಳೆದು, ಪಕ್ಕದಲ್ಲಿ ‘ಯಾವ ಅಸಲಿ?’ ಅಂತ ಬರೆದು ವಾಪಸ್ ಕಳಿಸಿದರು. ಹನ್ನೊಂದು ಕಡೆ, ಅದೇ ಪ್ರಶ್ನೆ. ಮೊದಲು ಸಿಟ್ಟು ಬಂತು. ಆಮೇಲೆ ಕೂತು ಯೋಚನೆ ಮಾಡಿದರೆ ಅವರು ಕೇಳಿದ್ದು ಸರಿಯಾಗೇ ಇದೆ.

ಅಸಲ್ ಅನ್ನೋದು ಅರಬ್ಬಿ ಪದ, ಬೇರು, ಬುಡ ಅಂತ ಅರ್ಥ. ಕನ್ನಡಕ್ಕೆ ಬಂದ ಮೇಲೆ ಅದು ಅಸಲು-ಬಡ್ಡಿಯ ಅಸಲೂ ಆಯ್ತು, ಅಸಲಿಯೂ ಆಯ್ತು. ನಕಲು ಕೂಡ ಅಲ್ಲಿಂದಲೇ ಬಂದದ್ದು, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ದಾಖಲೆಯ ದೃಢೀಕೃತ ನಕಲು ತನ್ನಿ ಅಂತ ಅಧಿಕಾರಿಯೇ ಕೇಳುತ್ತಾರೆ. ಅದೇ ಕೊನೆಗೊಂದು ಇಕಾರ ಸೇರಿ ‘ನಕಲಿ’ ಆದ ಕೂಡಲೇ ಪದ ಜೈಲಿಗೆ ಹೋಗುತ್ತೆ. ಈ ಎರಡರ ಮಧ್ಯೆ ನಿಲ್ಲೋಕೆ ಜಾಗ ಇಲ್ಲ. ರೈಫಲ್‌ಗಳ ಲೋಕದಲ್ಲಿ ಮುಕ್ಕಾಲು ಪಾಲು ವಿಷಯ ಇರೋದೇ ಆ ಮಧ್ಯದಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಜರ್ಮನ್ ಸೇನೆ 1935ರಲ್ಲಿ ಒಪ್ಪಿಕೊಂಡ ಮೌಸರ್ 98ಕೆ ರೈಫಲ್ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ಪ್ರತಿ ಬಂದೂಕಿಗೂ ಒಂದು ನಂಬರ್ ಹೊಡೆಯುತ್ತಿದ್ದರು. ರಿಸೀವರ್ (ಉಳಿದ ಭಾಗಗಳನ್ನು ಕೂರಿಸುವ ಉಕ್ಕಿನ ನಡುಭಾಗ), ನಳಿಗೆ, ಬೋಲ್ಟ್ (ಗುಂಡನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಅಗುಳಿ) ಇಂಥ ದೊಡ್ಡ ಭಾಗಗಳಿಗೆ ಪೂರ್ತಿ ನಂಬರ್, ಚಿಕ್ಕಪುಟ್ಟ ಭಾಗಗಳಿಗೆ ಕೊನೆಯ ಎರಡು ಅಂಕಿ. ಯುದ್ಧ ಮುಗಿಯುತ್ತಾ ಬಂದ ಹಾಗೆ ಅವಸರ ಜಾಸ್ತಿಯಾಗಿ ಎಷ್ಟೋ ಭಾಗಗಳಿಗೆ ನಂಬರ್ ಹೊಡೆಯೋದನ್ನೇ ಬಿಟ್ಟರು. ಇರೋ ನಂಬರೆಲ್ಲ ಒಂದೇ ಆಗಿದ್ದರೆ ಸಂಗ್ರಹಕಾರರಿಗೆ ಹಬ್ಬ. ಬೋಲ್ಟಿನದೊಂದು ಬೇರೆಯಾದರೂ ಸಾಕು, ಬೆಲೆ ದಡಕ್ಕನೆ ಇಳಿಯುತ್ತೆ.

ಈಗ ನೋಡಿ. ಸೋವಿಯತ್ ಸೇನೆಗೆ ಇಂಥ ರೈಫಲ್‌ಗಳು ರಾಶಿರಾಶಿ ಸಿಕ್ಕವು. ಯುದ್ಧ ಆದಮೇಲೆ ಅವರು ಅವನ್ನೆಲ್ಲ ಬಿಚ್ಚಿ, ತೊಳೆದು, ಉಕ್ಕಿಗೆ ಮತ್ತೆ ಕಪ್ಪು ಹಿಡಿಸಿ, ಕೈಗೆ ಸಿಕ್ಕ ಬೋಲ್ಟನ್ನು ಕೈಗೆ ಸಿಕ್ಕ ಬಂದೂಕಿಗೆ ಹಾಕಿ, ಮರಕ್ಕೆ ಅರಗಿನ ಮೆರುಗು ಬಳಿದು ಉಗ್ರಾಣಕ್ಕೆ ತುಂಬಿದರು. ಬೋಲ್ಟಿನ ಮೇಲೆ ವಿದ್ಯುತ್ ಲೇಖನಿಯಿಂದ ರಿಸೀವರ್‌ನ ನಂಬರನ್ನೇ ಗೀಚಿದರು. ಕೆಲವದರಲ್ಲಿ ಹಳೆ ನಂಬರ್ ಪಕ್ಕದಲ್ಲೇ ಉಳಿದಿದೆ, ಮೇಲೊಂದು ಅಡ್ಡಗೆರೆ ಅಷ್ಟೆ. ಭೂತಗನ್ನಡಿ ಹಿಡಿದರೆ ಎರಡರ ವ್ಯತ್ಯಾಸ ಮಗುವಿಗೂ ಗೊತ್ತಾಗುತ್ತೆ. ಕಾರ್ಖಾನೆಯ ಅಂಕಿ ಉಳಿಯಿಂದ ಹೊಡೆದ ಹಾಗೆ ಆಳವಾಗಿ, ನೆಟ್ಟಗೆ ಇರುತ್ತೆ. ಗೀಚಿದ್ದು ಇರುವೆ ಸಾಲಿನ ಹಾಗೆ ಚುಕ್ಕೆಚುಕ್ಕೆ, ಸೊಟ್ಟಪಟ್ಟ. ಹೇಳಿ, ಈ ಬಂದೂಕು ಅಸಲಿಯಾ ನಕಲಿಯಾ? ಒಂದೊಂದು ಭಾಗವೂ ಅಸಲಿ. ನಂಬರೂ ಹೊಂದುತ್ತೆ. ಆದರೆ ಹುಟ್ಟಿದಾಗ ಇದು ಹೀಗಿರಲಿಲ್ಲ. ಹಾಗಂತ ಮೋಸವೂ ಇಲ್ಲ, ಯಾಕಂದ್ರೆ ಮುಂದೊಂದು ದಿನ ಇದನ್ನು ಯಾರೋ ಗಾಜಿನ ಬೀರುವಿನಲ್ಲಿಟ್ಟು ಮೆರೆಯುತ್ತಾರೆ ಅನ್ನೋ ಯೋಚನೆ ಆ ಕೆಲಸಗಾರರಿಗೆ ಇದ್ದಿರೋಕೆ ಸಾಧ್ಯವೇ ಇಲ್ಲ.

ಇಂಗ್ಲಿಷಿನವರು ಇದಕ್ಕೆ ‘ಫೋರ್ಸ್ ಮ್ಯಾಚ್’ ಅನ್ನುತ್ತಾರೆ. ನಾನು ಮೊದಲು ‘ಬಲವಂತದ ಹೊಂದಾಣಿಕೆ’ ಅಂತ ಬರೆದೆ, ಓದಿದರೆ ಯಾರದೋ ಮದುವೆ ಮುರಿದುಬೀಳೋ ಹಾಗಿದೆ. ಅಳಿಸಿದೆ. ಅಳಿಸುವಾಗಲೇ ಒಂದು ವಿಷಯ ಹೊಳೆಯಿತು, ಈ ಪತ್ರ ಬರೆಯೋಕೆ ಕಾರಣವೂ ಅದೇ. ನಮ್ಮಲ್ಲಿ ‘ಇಸು’ ಇದೆಯಲ್ಲ! ಹೊಂದಿದ ನಂಬರ್, ಹೊಂದಿಸಿದ ನಂಬರ್. ತಾನಾಗಿ ಹೊಂದಿದ್ದು ಬೇರೆ, ಯಾರೋ ಕೂತು ಹೊಂದಿಸಿದ್ದು ಬೇರೆ. ಇಡೀ ವಾದ ಒಂದು ‘ಇಸು’ವಿನಲ್ಲಿ ಮುಗಿಯಿತು. ಇನ್ನೂ ಖಚಿತವಾಗಿ ಹೇಳಬೇಕು ಅಂದರೆ ಕಾರ್ಖಾನೆಯದಕ್ಕೆ ‘ಹುಟ್ಟುನಂಬರ್’ ಅನ್ನಬಹುದು, ಹುಟ್ಟುಗುಣ, ಹುಟ್ಟುಡುಗೆ ಇದ್ದ ಹಾಗೆ. ನಂಬರ್ ಬದಲು ಸಂಖ್ಯೆ ಅನ್ನಿ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ‘ಹುಟ್ಟುಸಂಖ್ಯೆ’ ಅಂದರೆ ಜಾತಕ ಬರೆಸೋಕೆ ಹೊರಟ ಹಾಗಿರುತ್ತೆ.

ಈ ಬೀಗದಕೈ ಸಿಕ್ಕ ಮೇಲೆ ಬೇರೆ ಬಾಗಿಲುಗಳನ್ನೂ ಪ್ರಯತ್ನಿಸಿದೆ. ಹಳೆ ಮರ, ಹಳೆ ಉಕ್ಕಿನ ಮೇಲೆ ವರ್ಷಗಟ್ಟಲೆ ಕೈ ಆಡಿ ಆಡಿ ಬರುವ ಆ ಹದವಾದ ಮೈಬಣ್ಣಕ್ಕೆ ‘ಪ್ಯಾಟಿನಾ’ ಅನ್ನುತ್ತಾರೆ. ನಿಘಂಟು ನೋಡಿದರೆ ‘ಕಿಲುಬು’ ಅಂತಿದೆ. ತಾಮ್ರದ ಚೊಂಬಿಗೆ ಸರಿ, ಆಕ್ರೋಟ್ ಮರಕ್ಕೆ ಎಲ್ಲಿಯ ಕಿಲುಬು? ‘ಮಾಸಿದೆ’ ಅಂದರೆ ಬೈದ ಹಾಗೆ. ‘ಮಾಗಿದೆ’ ಅಂದು ನೋಡಿ. ಮಾಗಿದ ಮರ. ಒಂದಕ್ಷರದಲ್ಲಿ ಕೊಳೆ ಹೋಗಿ ಹಣ್ಣಾಯಿತು. ಮತ್ತೆ ‘ಇಸು’ ಇಲ್ಲೂ ಕೆಲಸ ಮಾಡುತ್ತೆ. ಚಹಾದ ನೀರು, ಕರಿ, ಆಮ್ಲ ಹಚ್ಚಿ ಹೊಸದನ್ನು ಹಳೆಯದು ಮಾಡುವವರು ಇದ್ದಾರೆ, ಅದು ಮಾಗಿಸಿದ ಮರ. ಹೊಗೆ ಹಾಕಿ ಮಾಗಿಸಿದ ಬಾಳೆಹಣ್ಣು ತಿಂದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸವೆದ, ಸವೆಸಿದ ಕೂಡ ಹಾಗೇ. ಸೇನೆಯ ಬಂದೂಕಿನಲ್ಲಿ ಮರ ಲೋಹವನ್ನು ಸೇರುವ ಕಡೆ ಮರದ ಅಂಚು ಕೂದಲೆಳೆಯಷ್ಟು ಎತ್ತರ ಇರುತ್ತೆ. ಬೆರಳು ಆಡಿಸಿದರೆ ಸಣ್ಣಗೆ ತಡೆಯುತ್ತೆ. ಯಾರಾದರೂ ಮರಳು ಕಾಗದ ಹಾಕಿ ಉಜ್ಜಿದ್ದರೆ ಆ ಅಂಚು ಲೋಹಕ್ಕಿಂತ ಕೆಳಗೆ ಹೋಗಿರುತ್ತೆ, ಮರದ ಮೇಲಿನ ತಪಾಸಣೆ ಮುದ್ರೆಯೂ ಮಸುಕಾಗಿರುತ್ತೆ. ಇದು ಸವೆಸಿದ್ದು. ಇದಕ್ಕೆ ಉಲ್ಟಾ ಕೇಸೂ ಉಂಟು: ಮರವೆಲ್ಲ ಸವೆದು ನುಣ್ಣಗಾಗಿದೆ, ಮುದ್ರೆ ಮಾತ್ರ ನಿನ್ನೆ ಒತ್ತಿದ ಹಾಗೆ ಚೂಪಾಗಿದೆ. ಇಂಥದ್ದಕ್ಕೆ ನನ್ನ ಓಟು ‘ಖೋಟಾ’ ಪದಕ್ಕೆ. ಖೋಟಾ ನೋಟು, ಖೋಟಾ ಸಹಿ, ಖೋಟಾ ಮುದ್ರೆ. ಬರೀ ಬೇರೆ ಅಂತ ಅಲ್ಲ, ನಂಬಿಸೋಕೆ ಅಂತಲೇ ಮಾಡಿದ್ದು ಅನ್ನೋದು ಆ ಪದದಲ್ಲೇ ಇದೆ.

ಖೋಟಾ ಜಾಸ್ತಿ ಓಡಾಡೋದು ಬೆಲೆ ಜಾಸ್ತಿ ಇರುವ ಕಡೆ. ಬ್ರಿಟಿಷರ ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್‌ಗೆ ‘ಟಿ’ ಅಂತ ಒಂದು ಸ್ನೈಪರ್ ರೂಪ ಇತ್ತು. ಚೆನ್ನಾಗಿ ಗುರಿ ಹಿಡಿಯುವ ರೈಫಲ್‌ಗಳನ್ನು ಆರಿಸಿ ಅದಕ್ಕೆ ದುರ್ಬೀನು ಕೂರಿಸುತ್ತಿದ್ದರು. ಈ ಕೆಲಸದ ದೊಡ್ಡ ಪಾಲು ಮಾಡಿದ್ದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್, ಅವರ ಗುರುತು ‘ಎಸ್51’ ಮರದ ಮೇಲೆ ಸಿಗುತ್ತೆ. ದುರ್ಬೀನಿನ ನಂಬರನ್ನೂ ಮರದ ಕತ್ತಿನ ಭಾಗದಲ್ಲಿ ಹೊಡೆಯುತ್ತಿದ್ದರು. ಸಾಧಾರಣ ನಂಬರ್ 4ಕ್ಕಿಂತ ಇದಕ್ಕೆ ಎಷ್ಟೋ ಪಟ್ಟು ಬೆಲೆ, ಹಾಗಾಗಿ ಸಾಧಾರಣದ್ದನ್ನೇ ‘ಟಿ’ ಮಾಡಿ ಮಾರುವವರೂ ಇದ್ದಾರೆ. ಸ್ನೈಪರ್‌ಗೆ ‘ಗುರಿಕಾರ’ ಅಂತ ಬರೆದಿದ್ದೇನೆ, ಆಕ್ಷೇಪ ಇದ್ದರೆ ಹೇಳಿ.

ಇದೇ ಎನ್‌ಫೀಲ್ಡ್‌ಗಳಲ್ಲಿ ‘ಎಫ್‌ಟಿಆರ್’ ಅಂತ ಹೊಡೆದದ್ದು ಸಿಗುತ್ತೆ, ಕಾರ್ಖಾನೆಯಲ್ಲೇ ಪೂರ್ತಿ ದುರಸ್ತಿ ಆಗಿದೆ ಅಂತ ಅರ್ಥ. ನಮ್ಮ ಪತ್ರಿಕೆಗಳ ‘ಕಾಯಕಲ್ಪ’, ‘ಜೀರ್ಣೋದ್ಧಾರ’ ಎರಡನ್ನೂ ದಯವಿಟ್ಟು ಸೂಚಿಸಬೇಡಿ. ದೇವಸ್ಥಾನ ಅಲ್ಲ ಇದು. ‘ದುರಸ್ತಿ’ ಸಾಕು.

ಉಕ್ಕಿನ ‘ಬ್ಲೂಯಿಂಗ್’ ಬಗ್ಗೆ ಒಂದು ಮಾತು. ಇದನ್ನು ‘ನೀಲಿ ಬಣ್ಣ’, ‘ಲೇಪ’ ಅಂತ ಬರೆದರೆ ತಪ್ಪು. ಮೇಲೆ ಏನನ್ನೂ ಬಳಿಯೋದಿಲ್ಲ, ಉಕ್ಕಿನ ಮೈಯನ್ನೇ ಕಪ್ಪು ಆಕ್ಸೈಡ್ ಆಗಿ ಮಾಡುತ್ತಾರೆ, ಒಂಥರಾ ಪಳಗಿಸಿದ ತುಕ್ಕು. ‘ಕಪ್ಪು ಹಿಡಿಸೋದು’ ಅಂತ ಮೇಲೆ ಬಳಸಿದ್ದೇನೆ, ಯಾರೂ ಗಮನಿಸಲಿಲ್ಲ ಅಂದರೆ ಪದ ಸರಿಯಾಗಿದೆ ಅಂತ ಅರ್ಥ, ಅಲ್ವಾ?

‘ಪ್ರಾವೆನೆನ್ಸ್’, ಅಂದರೆ ವಸ್ತು ಎಲ್ಲಿಂದ, ಯಾರ ಕೈಯಿಂದ ಬಂತು ಅನ್ನೋ ಹಿನ್ನೆಲೆ, ಇದಕ್ಕೆ ನನಗೆ ಅನುಮಾನವೇ ಇಲ್ಲ, ‘ಪೂರ್ವಾಪರ’. ಯುದ್ಧ ಮುಗಿಸಿ ಊರಿಗೆ ಹೊರಟ ಅಮೆರಿಕದ ಸೈನಿಕರಿಗೆ, ವಶಪಡಿಸಿಕೊಂಡ ಬಂದೂಕು ಇಟ್ಟುಕೊಳ್ಳಬಹುದು ಅಂತ ಅಧಿಕಾರಿ ಸಹಿ ಮಾಡಿದ ಚೀಟಿ ಕೊಡುತ್ತಿದ್ದರು. ಆ ಚೀಟಿ ಬಂದೂಕಿನ ಜೊತೆಗೇ ಉಳಿದು, ಅದರ ಮೇಲಿನ ನಂಬರೂ ಸರಿಯಿದ್ದರೆ ಪೂರ್ವಾಪರ ಗಟ್ಟಿ. ಚೀಟಿ ಇಲ್ಲದೆ ‘ಇದು ತಾತ ತಂದದ್ದು’ ಅಂದರೆ ಅದು ಕಥೆ. ದುಡ್ಡು ಬಂದೂಕಿಗೆ ಕೊಡಿ, ಕಥೆಗಲ್ಲ ಅಂತ ಸಂಗ್ರಹಕಾರರು ಹೇಳೋದು ಇದಕ್ಕೇ. ಕೆಲವು ಸಲ ಬಂದೂಕಿನ ಗಾಯವೇ ಪೂರ್ವಾಪರ ಹೇಳುತ್ತೆ. ಸೈನಿಕರು ತಮ್ಮ ಚೀಲದಲ್ಲಿ ಹಿಡಿಸಲಿ ಅಂತ ರೈಫಲ್ಲಿನ ಮರವನ್ನು, ನಳಿಗೆಯನ್ನು ಮರಕ್ಕೆ ಬಿಗಿಯುವ ಲೋಹದ ಪಟ್ಟಿಯ ಅಡಿಯಲ್ಲಿ, ಗೆರೆ ಕಾಣದ ಕಡೆ ಗರಗಸದಿಂದ ಕತ್ತರಿಸಿದ್ದುಂಟು. ಪಟ್ಟಿ ಸರಿಸಿದರೆ ಸೀಳು ಕಾಣುತ್ತೆ. ಬೆಲೆ ಇಳಿಸುವ ಗಾಯವೇ, ಆದರೂ ಯಾರೋ ಹೊತ್ತು ತಂದದ್ದಕ್ಕೆ ಅದು ಸಾಕ್ಷಿ.

ಇನ್ನು ‘ಇಸು’ ಕೈಕೊಡುವ ಕಡೆಗೆ ಬರುತ್ತೇನೆ. ಜಪಾನಿನ ಅರಿಸಾಕ ರೈಫಲ್‌ಗಳ ರಿಸೀವರ್ ಮೇಲೆ 16 ಎಸಳಿನ ಸೇವಂತಿಗೆ ಇರುತ್ತಿತ್ತು, ಚಕ್ರವರ್ತಿಯ ಗುರುತು. 1945ರ ಶರಣಾಗತಿಯ ಹೊತ್ತಿಗೆ ಎಷ್ಟೋ ರೈಫಲ್‌ಗಳ ಹೂವನ್ನು ಉಜ್ಜಿ ತೆಗೆದರು. ಹೂವು ಉಳಿದದ್ದಕ್ಕೆ ಬೆಲೆ ಜಾಸ್ತಿ. ಹಾಗಾಗಿ ಉಜ್ಜಿದ ಜಾಗದಲ್ಲಿ ಮತ್ತೆ ಹೂವು ಕೊರೆದು ಮಾರುವವರು ಹುಟ್ಟಿಕೊಂಡರು. ಹೂವು ಅಳಿಸಿದ್ದೂ ‘ಇಸು’, ಹೊಸ ಹೂವು ಮೂಡಿಸಿದ್ದೂ ‘ಇಸು’. ಆದರೆ ಮೊದಲನೆಯದು ಚರಿತ್ರೆ, ಎರಡನೆಯದು ಖೋಟಾ. ಅಂದರೆ ಯಾರೋ ಮಾಡಿದರು ಅಂತ ‘ಇಸು’ ಹೇಳುತ್ತೆ, ಯಾವಾಗ, ಯಾತಕ್ಕೆ ಅಂತ ಹೇಳೋದಿಲ್ಲ. ಅಷ್ಟಕ್ಕೆ ಇನ್ನೊಂದು ಮಾತು ಸೇರಿಸಲೇಬೇಕು. ಸದ್ಯಕ್ಕೆ ‘ಆಗಲೇ ಅಳಿಸಿದ್ದು’, ‘ಈಚೆಗೆ ಮೂಡಿಸಿದ್ದು’ ಅಂತ ಬರೆದಿದ್ದೇನೆ.

ನಿಜವಾಗಿ ಸಿಕ್ಕಿಹಾಕಿಕೊಂಡಿರೋದು ಅಮೆರಿಕದ ಎಂ1 ಗ್ಯಾರಂಡ್ ರೈಫಲ್‌ನಲ್ಲಿ. ಇದರಲ್ಲಿ ಕ್ರಮಸಂಖ್ಯೆ ಇರೋದು ರಿಸೀವರ್ ಮೇಲೆ ಮಾತ್ರ. ಉಳಿದ ಭಾಗಗಳ ಮೇಲಿರೋದು ಆ ಭಾಗದ ವಿನ್ಯಾಸದ ನಕ್ಷೆಯ ಸಂಖ್ಯೆ, ಬೋಲ್ಟಿಗೆ ಡಿ28287 ಅನ್ನೋ ಥರ, ಅದು ಸಾವಿರಾರು ಬೋಲ್ಟುಗಳಿಗೆ ಒಂದೇ. ಆದ್ದರಿಂದ ಇಲ್ಲಿ ‘ಹೊಂದಿದ ನಂಬರ್’ ಅನ್ನೋ ಮಾತೇ ಸುಮ್ನೆ. ಯುದ್ಧದ ಹೊತ್ತಿನಲ್ಲಿ ಗ್ಯಾರಂಡ್ ಮಾಡಿದ್ದು ಸ್ಪ್ರಿಂಗ್‌ಫೀಲ್ಡ್ ಮತ್ತು ವಿಂಚೆಸ್ಟರ್ ಎರಡೇ, ಆಮೇಲೆ ಅವುಗಳಲ್ಲಿ ಹೆಚ್ಚಿನವು ಸೇನೆಯ ದುರಸ್ತಿಯಲ್ಲಿ ಬಿಚ್ಚಿ ಬೆರೆತು ಹೋದವು. ಈಗ ಸಂಗ್ರಹಕಾರರು ಏನು ಮಾಡುತ್ತಾರೆ ಅಂದರೆ, 1943ರ ರಿಸೀವರ್ ಇದ್ದರೆ 1943ರ ನಳಿಗೆ, ಆ ಕಾಲದ ಬೋಲ್ಟ್, ಆ ಕಾಲದ ಟ್ರಿಗರ್ ಅಂತ ಒಂದೊಂದನ್ನೇ ಹುಡುಕಿ ಜೋಡಿಸುತ್ತಾರೆ. ಪ್ರತಿ ಭಾಗವೂ ಅಸಲಿ, ಕಾಲವೂ ಸರಿ, ಮುಚ್ಚಿಡೋದೂ ಏನಿಲ್ಲ. ಆದರೆ ಈ ಭಾಗಗಳು ಒಂದೇ ಬಂದೂಕಿನಲ್ಲಿ ಒಟ್ಟಿಗೆ ಯುದ್ಧ ನೋಡಿಲ್ಲ. ಇದಕ್ಕೆ ಅವರು ‘ಕರೆಕ್ಟ್’ ಅನ್ನುತ್ತಾರೆ, ‘ಒರಿಜಿನಲ್’ ಅನ್ನೋದಿಲ್ಲ, ಎರಡನ್ನೂ ಬೆರೆಸಿದರೆ ಜಗಳಕ್ಕೇ ಬರುತ್ತಾರೆ.

ಕನ್ನಡದಲ್ಲಿ? ‘ಸರಿಯಾದ ಬಂದೂಕು’ ಅಂದರೆ ಉಳಿದವು ಕೆಟ್ಟಿವೆ ಅಂತಾಗುತ್ತೆ. ‘ಜೋಡಿಸಿದ’ ಅಂದರೆ ಎಲ್ಲ ಬಂದೂಕೂ ಜೋಡಿಸಿದ್ದೇ. ‘ಕಾಲಕ್ಕೆ ಒಪ್ಪುವ’ ಹತ್ತಿರ ಬರುತ್ತೆ, ಅದಕ್ಕೆ ‘ಇಸು’ ಹಚ್ಚೋಣ ಅಂದರೆ ‘ಒಪ್ಪಿಸಿದ ಬಂದೂಕು’, ಪೊಲೀಸ್ ಠಾಣೆಗೆ! ‘ಬೆರಕೆ’ ಅಂತ ಗೆಳೆಯರ ಮುಂದೆ ಹೇಳಿ ಬೈಸಿಕೊಂಡಿದ್ದೇನೆ, ಅವರ ಬಳಿ ಇರೋ ಗ್ಯಾರಂಡ್ ಅಂಥದ್ದೇ ಅಂತೆ. ‘ಕಾಲಜೋಡಿ’ ಅಂತ ಒಂದು ಮನಸ್ಸಿನಲ್ಲಿದೆ, ಚಪ್ಪಲಿಯ ಹಾಗೆ ಕೇಳುತ್ತಾ ಅಂತ ಅನುಮಾನ. ನಿಮಗೆ ಯಾರಿಗಾದರೂ ಒಳ್ಳೆಯ ಪದ ಹೊಳೆದರೆ ತಿಳಿಸಿ, ಲೇಖನದಲ್ಲಿ ಆ ಜಾಗ ಖಾಲಿ ಬಿಟ್ಟು ಕೂತಿದ್ದೇನೆ.